ಕಾಲದ ಜಾತಿ ಯಾವುದು?

ಇವತ್ತು ಬರೆಯುತ್ತಿರುವವರಲ್ಲಿ ಮುಂದಿನ ತಲೆಮಾರು ಯಾರನ್ನು ಓದುತ್ತದೆ? ವಿಚಾರ ಸಂಕಿರಣಗಳಲ್ಲಿ ಊಟದ ವಿರಾಮ ಹತ್ತಿರವಾದಾಗ ಸಭೆಯಿಂದ ಯಾರಾದರೂ ಈ ಪ್ರಶ್ನೆ ಎಸೆಯುತ್ತಾರೆ. ವೇದಿಕೆಯ ಹಿರಿಯರು ಮೈಕು ಸರಿಪಡಿಸಿಕೊಂಡು, ಅದನ್ನು ಕಾಲವೇ ತೀರ್ಮಾನಿಸುತ್ತದೆ ಅನ್ನುತ್ತಾರೆ. ಸಭೆ ತಲೆದೂಗಿ ಊಟಕ್ಕೆ ಏಳುತ್ತದೆ. ನಮ್ಮ ಸಾಹಿತ್ಯಲೋಕ ಹೇಳಿಕೊಂಡು ಬಂದ ಸುಳ್ಳುಗಳಲ್ಲಿ ಇಷ್ಟು ನಯವಾದದ್ದು ಇನ್ನೊಂದಿಲ್ಲ. ಕಾಲ ಅಂದರೆ ಯಾರ್ರೀ ಅದು? ಯಾವ ಕೇರಿಯವನು? ಅವನ ಮುಂದೆ ಕಡತ ಇಡುವ ಗುಮಾಸ್ತ ಯಾರು? ಯಾವ ಕಡತವನ್ನು ಆ ಗುಮಾಸ್ತ ಮೇಜಿನ ಕೆಳಗೇ ಉಳಿಸಿಕೊಳ್ಳುತ್ತಾನೆ? ಇಷ್ಟನ್ನೂ ಕೇಳದೆ ಅಮರರ ಪಟ್ಟಿ ಬರೆಯಲು ಕೂರುವುದು ಕಳ್ಳಲೆಕ್ಕ.

ಹನ್ನೆರಡನೆಯ ಶತಮಾನದ ಸೂಳೆ ಸಂಕವ್ವನದು ಒಂದೇ ಒಂದು ವಚನ ನಮಗೆ ಸಿಕ್ಕಿದೆ. ನಿರ್ಲಜ್ಜೇಶ್ವರ ಅವಳ ಅಂಕಿತ. ಇಂಥ ಅಂಕಿತ ಇಟ್ಟುಕೊಳ್ಳುವ ಎದೆಗಾರಿಕೆ ಇದ್ದವಳು ಒಂದೇ ವಚನ ಹೇಳಿ ಬಾಯಿ ಮುಚ್ಚಿಕೊಂಡಳು ಅಂದರೆ ನಾನು ನಂಬುವುದಿಲ್ಲ. ಉಳಿದದ್ದನ್ನು ಗೆದ್ದಲು ತಿಂದಿತೋ, ಓಲೆಗರಿ ನಕಲು ಮಾಡುವವನ ಕೈ ಅವಳ ಹೆಸರು ಕಂಡು ಹಿಂದೆಗೆಯಿತೋ? ಸಿಕ್ಕಿದ ವಚನಗಳ ಪಾಡಾದರೂ ಏನಿತ್ತು? ಅವು ಶತಮಾನಗಟ್ಟಲೆ ಬಟ್ಟೆ ಸುತ್ತಿ, ಜಗಲಿಯ ಮೇಲಿಟ್ಟು, ವಿಭೂತಿ ಹಚ್ಚಿಸಿಕೊಂಡ ಕಟ್ಟುಗಳಾಗಿದ್ದವು. ಪೂಜೆ ಇತ್ತು, ಓದು ಇರಲಿಲ್ಲ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿ ಊರೂರು ತಿರುಗಿ, ಆ ಕಟ್ಟುಗಳನ್ನು ಬಿಚ್ಚಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು. ಆಮೇಲೆ ಮನೆ ಮಾರಿ ಮುದ್ರಣಾಲಯವನ್ನೇ ಹಾಕಿದರು. ಇನ್ನೂರಕ್ಕೂ ಹೆಚ್ಚು ವಚನಕಾರರ ಹೆಸರು ಬೆಳಕಿಗೆ ಬಂತು. ಆ ವಕೀಲರು ಕಕ್ಷಿದಾರರ ದುಡ್ಡು ಎಣಿಸಿಕೊಂಡು ತಣ್ಣಗೆ ಕೂತಿದ್ದರೆ ಅಂಬಿಗರ ಚೌಡಯ್ಯನೂ ಮಾದಾರ ಚೆನ್ನಯ್ಯನೂ ಸಂಕವ್ವನೂ ಈಗಲೂ ಯಾರದೋ ಜಗಲಿಯ ಮೇಲೆ ಹೊಗೆ ಕುಡಿಯುತ್ತಿದ್ದರು. ಅವರನ್ನು ಉಳಿಸಿದ್ದು ಕಾಲವಲ್ಲ, ಒಬ್ಬ ಮನುಷ್ಯನ ಹಟ.

ಇದು ಹಳೆಯ ಕಥೆ ಅನ್ನಬೇಡಿ. 1979ರಲ್ಲಿ ಧರ್ಮಸ್ಥಳದಲ್ಲಿ ನಡೆದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅಂದರೆ ಕನ್ನಡ ಸಾಹಿತ್ಯ ಪರಿಷತ್ತು ಕೊಡಲಿಲ್ಲ. ಕೇಳಿದ್ದು ಒಂದು ಗೋಷ್ಠಿ, ರಾಜ್ಯವನ್ನಲ್ಲ. ಅದೇ ವರ್ಷದ ಮಾರ್ಚ್ 10 ಮತ್ತು 11ರಂದು ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳು ಬೇರೆಯೇ ಸೇರಬೇಕಾಯಿತು. ಪರಿಷತ್ತು ಹುಟ್ಟಿದ್ದು 1915ರಲ್ಲಿ. ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಮೊದಲ ಸಲ ಒಬ್ಬ ದಲಿತ ಲೇಖಕ ಕೂತದ್ದು 2015ರಲ್ಲಿ, ಶ್ರವಣಬೆಳಗೊಳದಲ್ಲಿ. ಅವರು ಸಿದ್ಧಲಿಂಗಯ್ಯ. ಭರ್ತಿ ನೂರು ವರ್ಷ! ಮಂಡ್ಯದ 2024ರ ಸಮ್ಮೇಳನದವರೆಗೆ 87 ಆದವು. ಆ 87ರಲ್ಲಿ ಅಧ್ಯಕ್ಷರಾದ ಹೆಣ್ಣುಮಕ್ಕಳು ನಾಲ್ಕೇ ಜನ: ಜಯದೇವಿತಾಯಿ ಲಿಗಾಡೆ, ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ, ಗೀತಾ ನಾಗಭೂಷಣ. ಕನ್ನಡಕ್ಕೆ ಎಂಟು ಜ್ಞಾನಪೀಠ ಬಂತು ಅಂತ ಭಾಷಣ ಶುರುವಾಗದ ನವೆಂಬರ್ ಇಲ್ಲ. ಆ ಎಂಟು ಫೋಟೋಗಳನ್ನು ಒಮ್ಮೆ ಸಾಲಾಗಿ ನೋಡಿ. ಒಬ್ಬ ಹೆಣ್ಣುಮಗಳಿಲ್ಲ. ಒಬ್ಬ ದಲಿತನಿಲ್ಲ. ಒಬ್ಬ ಮುಸ್ಲಿಮನಿಲ್ಲ. ಕುವೆಂಪು, ಬೇಂದ್ರೆ, ಕಾರಂತರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಗೋಕಾಕರ ‘ಭಾರತ ಸಿಂಧು ರಶ್ಮಿ’ಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರು ಕೈ ಎತ್ತಿ ನೋಡೋಣ. ಕನ್ನಡ ಎಂ.ಎ. ತರಗತಿಗಳಲ್ಲೂ ಕೈ ಏಳುವುದಿಲ್ಲ. ಇತ್ತ ಮೂಡಿಗೆರೆಯ ತೋಟದಲ್ಲಿ ಮೀನು ಹಿಡಿದುಕೊಂಡು, ಹಕ್ಕಿಯ ಫೋಟೋ ತೆಗೆದುಕೊಂಡು, ವೇದಿಕೆಗಳಿಂದ ದೂರವೇ ಉಳಿದ ತೇಜಸ್ವಿಗೆ ಜ್ಞಾನಪೀಠ ಸಿಗಲಿಲ್ಲ. ಅವರು ತೀರಿಕೊಂಡದ್ದು 2007ರಲ್ಲಿ. ‘ಕರ್ವಾಲೊ’ವನ್ನು ಕಾಲೇಜು ಹುಡುಗರು ಇವತ್ತೂ ಕೊಂಡು ಓದುತ್ತಾರೆ. ಮಂದಣ್ಣನಂಥ ಹಳ್ಳಿ ಹೈದನನ್ನು ವಿಜ್ಞಾನಿಯ ಸರಿಸಮ ನಿಲ್ಲಿಸಿದ ಕಾದಂಬರಿ ಅದು. ಹುಡುಗರಿಗೆ ಅದು ಗೊತ್ತಾಗುತ್ತದೆ, ವಿಮರ್ಶಕರು ಹೇಳಿಕೊಡಬೇಕಾಗಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮುಂದಿನ ತಲೆಮಾರು, ಮುಂದಿನ ತಲೆಮಾರು ಅನ್ನುತ್ತೀರಲ್ಲ, ಆ ತಲೆಮಾರಿನ ಕನ್ನಡ ಓದುಗ ಯಾರ ಮನೆಯ ಮಗು?

2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂದವರು 4.37 ಕೋಟಿ. ಅಷ್ಟು ಜನ ಮಾತಾಡುತ್ತಾರೆ, ಸರಿ. ಕನ್ನಡದಲ್ಲಿ ಅಕ್ಷರ ಕಲಿಯುತ್ತಿರುವವರು ಯಾರು? 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂದಿತು. ಆ ತೀರ್ಪು ಬರುವ ಎಷ್ಟೋ ಮೊದಲೇ ಮೇಲಿನವರೆಲ್ಲ ಕನ್ನಡ ಶಾಲೆಯಿಂದ ಗಂಟುಮೂಟೆ ಕಟ್ಟಿಯಾಗಿತ್ತು. 1982ರಲ್ಲಿ ಗೋಕಾಕ್ ಚಳವಳಿಯ ಮೆರವಣಿಗೆಯಲ್ಲಿ ಬಾವುಟ ಹಿಡಿದವರ ಮೊಮ್ಮಕ್ಕಳಿಗೆ ಇವತ್ತು ಕನ್ನಡದ ಒತ್ತಕ್ಷರ ಓದಲು ಬರುವುದಿಲ್ಲ. ಕನ್ನಡ ಪ್ರಾಧ್ಯಾಪಕರ ಮಕ್ಕಳು, ಪ್ರಕಾಶಕರ ಮಕ್ಕಳು, ನಾಡಹಬ್ಬದ ಕವಿಗೋಷ್ಠಿಯ ಕವಿಗಳ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂದು ಕೇಳಿದರೆ ಮಾತು ಬದಲಾಗುತ್ತದೆ. ಸರ್ಕಾರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಉಳಿದಿರುವುದು ಕೂಲಿಯವರ ಮಕ್ಕಳು, ಪೌರಕಾರ್ಮಿಕರ ಮಕ್ಕಳು, ಬೀಡಿ ಕಟ್ಟುವವರ ಮಕ್ಕಳು, ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರ ಮಕ್ಕಳು, ರಾಯಚೂರು ಯಾದಗಿರಿಯಿಂದ ಗುಳೆ ಬಂದು ಬೆಂಗಳೂರಿನ ಕಟ್ಟಡಗಳ ಪಕ್ಕ ಶೆಡ್ಡು ಹಾಕಿಕೊಂಡವರ ಮಕ್ಕಳು. ಫೀಸು ಕಟ್ಟಲು ಆಗಿದ್ದರೆ ಅವರೂ ಹೋಗುತ್ತಿದ್ದರು, ಹೋಗುವುದು ಅವರ ಹಕ್ಕು. ಕೇರಿಯವರಿಗೆ ಇಂಗ್ಲಿಷ್ ಯಾಕೆ ಎಂದು ಕೇಳುವ ಅಧಿಕಾರ ತಮ್ಮ ಮಕ್ಕಳನ್ನು ಅಮೆರಿಕಕ್ಕೆ ಕಳಿಸಿದವರಿಗೆ ಇಲ್ಲ.

ಇದರ ಅರ್ಥ ನಮ್ಮ ಪಟ್ಟಿ ಬರೆಯುವವರಿಗೆ ಇನ್ನೂ ತಟ್ಟಿಲ್ಲ. ಇಷ್ಟು ದಿನ ಕನ್ನಡ ಸಾಹಿತ್ಯ ಯಾರನ್ನು ಪಾತ್ರ ಮಾಡಿಕೊಂಡು ಅಯ್ಯೋ ಪಾಪ ಅಂದಿತೋ, ಅವರೇ ಇನ್ನು ಮುಂದೆ ಅದರ ಓದುಗರು. ಪಾತ್ರಗಳು ಎದ್ದು ಬಂದು ಪುಸ್ತಕವನ್ನು ಕೈಗೆತ್ತಿಕೊಂಡಿವೆ. ಆ ಬೆಂಚಿನ ಹುಡುಗಿಯೊಬ್ಬಳ ಕೈಗೆ ‘ಸಂಸ್ಕಾರ’ ಸಿಕ್ಕರೆ ಅವಳು ಪ್ರಾಣೇಶಾಚಾರ್ಯನ ತಳಮಳಕ್ಕೆ ಮರುಗುತ್ತಾ ಕೂರುವುದಿಲ್ಲ. ಅಗ್ರಹಾರವೆಲ್ಲ ಶಾಸ್ತ್ರ ತಿರುವಿಹಾಕುತ್ತಿದ್ದಾಗ ಹೆಣ ಸುಡಲು ಬಂದವನು ಮೀನು ವ್ಯಾಪಾರದ ಅಹಮದ್ ಬ್ಯಾರಿ. ಅವನ ಬಗ್ಗೆ ಇಷ್ಟೇ ಯಾಕೆ ಬರೆದರು, ಚಂದ್ರಿ ಆಮೇಲೆ ಏನಾದಳು, ಬೆಳ್ಳಿಗೆ ಇಷ್ಟೇ ಜಾಗವೇ ಎಂದು ಕೇಳುತ್ತಾಳೆ. ಈ ಪ್ರಶ್ನೆಗಳನ್ನು ತಡೆದುಕೊಂಡರೆ ‘ಸಂಸ್ಕಾರ’ ಉಳಿಯುತ್ತದೆ. ತಡೆದುಕೊಳ್ಳುತ್ತದೆ ಅನ್ನುವುದು ನನ್ನ ಅನುಮಾನ ಬೆರೆತ ನಂಬಿಕೆ. ನವ್ಯದ ಉಳಿದ ಅನಾಥಪ್ರಜ್ಞೆಯ ನಾಯಕರು, ಲಾಡ್ಜಿನ ಕೋಣೆಯಲ್ಲಿ ಸಿಗರೇಟು ಸುಟ್ಟು ಬದುಕಿನ ಅರ್ಥ ಹುಡುಕಿದವರು, ಆಗಲೇ ಹಳೆ ಪುಸ್ತಕದ ಅಂಗಡಿ ಸೇರಿದ್ದಾರೆ.

ಅವಳು ದೇವನೂರ ಮಹಾದೇವರ ‘ಒಡಲಾಳ’ ಓದುತ್ತಾಳೆ. ಕಳೆದುಹೋದ ಹುಂಜವನ್ನು ಹುಡುಕುವ ಸಾಕವ್ವ, ರಾತ್ರೋರಾತ್ರಿ ಮನೆಮಂದಿಯೆಲ್ಲ ಒಲೆ ಸುತ್ತ ಕೂತು ತಿಂದು ಮುಗಿಸುವ ಕಡಲೆಕಾಯಿ ಮೂಟೆ, ಗೋಡೆಯ ಮೇಲೆ ನವಿಲು ಬರೆಯುವ ಪುಟ್ಟಗೌರಿ. ಅಲ್ಲಿ ಅಯ್ಯೋ ಪಾಪ ಇಲ್ಲ. ಹಸಿವಿದೆ, ನಗುವಿದೆ, ಕದ್ದು ತಿಂದದ್ದಕ್ಕೆ ನಾಚಿಕೆ ಇಲ್ಲ. ಕದ್ದವರು ಯಾರು ಅನ್ನುವ ಲೆಕ್ಕ ಓದುಗರಿಗೇ ತಿರುಗಿ ಬೀಳುತ್ತದೆ. ‘ಕುಸುಮಬಾಲೆ’ ಬಂದಾಗ ಇದು ಯಾವ ಕನ್ನಡ, ಅರ್ಥವಾಗುವುದಿಲ್ಲ ಎಂದು ಗೊಣಗಿದವರು ಪಂಡಿತರು. ತಂಬೂರಿ ಹಿಡಿದು ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ಸೀಮೆಯಲ್ಲಿ ಅದು ಮನೆಮಾತು. ಮಹಾದೇವ ಬರೆದದ್ದು ಕೈಬೆರಳೆಣಿಕೆಯ ಪುಸ್ತಕ. ಐವತ್ತು ಸಂಪುಟ ಬರೆದವರು ಅಳಿದ ಮೇಲೂ ಅವು ಇರುತ್ತವೆ.

ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರದ್ದು. ಅದು ಬಾಯಿಂದ ಬಾಯಿಗೆ ಹೋದ ಪುಸ್ತಕ. ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಹಾಡಿದವರಲ್ಲಿ ಎಷ್ಟೋ ಜನರಿಗೆ ಕವಿ ಯಾರೆಂದು ಗೊತ್ತಿರಲಿಲ್ಲ, ಅಕ್ಷರವೂ ಗೊತ್ತಿರಲಿಲ್ಲ. ಹೀಗೆ ಗಂಟಲಿಗೆ ಇಳಿದದ್ದನ್ನು ಯಾವ ಸಮಿತಿಯೂ ಪಟ್ಟಿಯಿಂದ ತೆಗೆಯಲಾರದು. ಹಾಗೆಂದು ಬಂಡಾಯದ್ದೆಲ್ಲ ಉಳಿಯುತ್ತದೆಯೇ? ಇಲ್ಲ. ಎಂಬತ್ತರ ದಶಕದ ಬಂಡಾಯ ಪದ್ಯಗಳಲ್ಲಿ ಮುಕ್ಕಾಲು ಪಾಲು ಬೆಂಕಿ, ರಕ್ತ, ಕೆಂಪು ಸೂರ್ಯ, ಬಿಗಿದ ಮುಷ್ಟಿ. ಸಿಟ್ಟು ನಿಜದ್ದು, ಪದ್ಯ ಎರವಲಿನದು. ಆ ಪದ್ಯಗಳು ಸತ್ತಿವೆ, ಸತ್ತದ್ದೇ ಒಳ್ಳೆಯದು. ಸಿಟ್ಟು ಮಾತ್ರ ಸಾಯಬಾರದು.

ಭೈರಪ್ಪನವರ ಹೆಸರು ಎತ್ತದೆ ಜಾರಿಕೊಂಡೆ ಅನ್ನಬೇಡಿ. ಎತ್ತುತ್ತೇನೆ. ಅವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಅಮರ ಅಮರ ಎಂಬ ಕೂಗು ಜೋರಾಗಿತ್ತು. ‘ಆವರಣ’ ಮುದ್ರಣದ ಮೇಲೆ ಮುದ್ರಣ ಕಂಡದ್ದು ನಿಜ. ಆದರೆ ದ್ವೇಷದ ಕಾಲಕ್ಕೆ ಹೊಂದಿಸಿ ಹೊಲಿದ ಅಂಗಿ ಆ ಕಾಲ ಮುಗಿದಾಗ ಯಾರ ಮೈಗೂ ಆಗುವುದಿಲ್ಲ. ಅವರದು ಉಳಿಯುವುದಿದ್ದರೆ ‘ಗೃಹಭಂಗ’. ಗಂಡ ದಂಡಪಿಂಡ, ಊರಲ್ಲಿ ಪ್ಲೇಗು, ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಮಕ್ಕಳನ್ನು ಸಾಕುವ ನಂಜಮ್ಮ. ಅಲ್ಲಿ ಸಿದ್ಧಾಂತದ ಹಂಗಿಲ್ಲ, ತಾಯಿಯ ಬದುಕಿದೆ. ಇದನ್ನು ಹೇಳಿದ್ದಕ್ಕೆ ನಮ್ಮವರೇ ನನ್ನ ಮೇಲೆ ಬೀಳುತ್ತಾರೆ. ಬೀಳಲಿ.

ಬಾನು ಮುಷ್ತಾಕ್ ಅವರ ವಿಷಯದಲ್ಲಂತೂ ನನಗೆ ಹೊಟ್ಟೆ ಉರಿಯುತ್ತದೆ. 1990ರಲ್ಲಿ ‘ಹೆಜ್ಜೆ ಮೂಡಿದ ಹಾದಿ’ ಬಂತು, ಆಮೇಲೆ ‘ಬೆಂಕಿ ಮಳೆ’, ‘ಎದೆಯ ಹಣತೆ’. ಬಾನು ಅವರ ಕಥೆಯಿಂದ ನಿರ್ದೇಶಕ ಕಾಸರವಳ್ಳಿ ‘ಹಸೀನಾ’ ಸಿನಿಮಾ ಮಾಡಿದರು. ಮಸೀದಿಯೊಳಗೆ ಹೆಂಗಸರಿಗೆ ಪ್ರವೇಶ ಬೇಕು ಅಂದದ್ದಕ್ಕೆ ಅವರ ಕುಟುಂಬ ಬಹಿಷ್ಕಾರವನ್ನೂ ಉಂಡಿತು. ಇಷ್ಟೆಲ್ಲ ಆದರೂ ನಮ್ಮ ದೊಡ್ಡ ವಿಮರ್ಶಕರ ಸಣ್ಣಕತೆಯ ಸಮೀಕ್ಷೆಗಳಲ್ಲಿ ಅವರು ಕೊನೆಯ ಪ್ಯಾರಾದ ‘ಮುಂತಾದವರು’. 2025ರ ಮೇ 20ರಂದು ಲಂಡನ್ನಿನಲ್ಲಿ ಅವರ ಕಥೆಗಳಿಗೆ ದೀಪಾ ಭಾಸ್ತಿ ಮಾಡಿದ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಘೋಷಣೆಯಾದ ಮರುದಿನ ಬೆಳಗ್ಗೆ ಎಲ್ಲರೂ ಅವರ ಹಳೆಯ ಓದುಗರೇ! ನಾಲ್ಕು ತಿಂಗಳಲ್ಲಿ ಇನ್ನೊಂದು ಮುಖ ಕಂಡಿತು. ದಸರಾ ಉದ್ಘಾಟನೆಗೆ ಅವರನ್ನು ಕರೆದರೆ, ಮುಸ್ಲಿಮ್ ಹೆಣ್ಣುಮಗಳು ಚಾಮುಂಡಿ ಬೆಟ್ಟ ಹತ್ತಬಾರದೆಂದು ಕೆಲವರು ಸುಪ್ರೀಂ ಕೋರ್ಟಿನ ಬಾಗಿಲವರೆಗೆ ಹೋದರು. ಕೋರ್ಟು ಅರ್ಜಿಯನ್ನು ಎತ್ತಿ ಬಿಸಾಕಿತು. ಬಾನು ಅವರ ಕಥೆಗಳನ್ನು ಮುಂದೆಯೂ ಓದುತ್ತಾರೆ, ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯನ್ನೂ ಓದುತ್ತಾರೆ. ಅದಕ್ಕೆ ಲಂಡನ್ನಿನ ಮೊಹರು ಕಾರಣವಲ್ಲ. ತಲಾಖಿನ ಅಂಗಳದಲ್ಲಿ ನಿಂತ ಹೆಣ್ಣಿನ ಗಂಟಲಿನಿಂದಲೇ ಮಾತಾಡಿದವರು ಕನ್ನಡದಲ್ಲಿ ಇವರಿಗೆ ಮೊದಲು ಇರಲಿಲ್ಲ, ಕಾರಣ ಅದು.

ಕಾಲದ ಗುಮಾಸ್ತ ಇವತ್ತು ಎಲ್ಲಿ ಕೂತಿದ್ದಾನೆ ಗೊತ್ತೇ? ಪಠ್ಯಪುಸ್ತಕ ಸಮಿತಿಯಲ್ಲಿ. ಹಳ್ಳಿಯ ಮಗು ಜೀವಮಾನದಲ್ಲಿ ಓದುವ ಸಾಹಿತ್ಯವೆಂದರೆ ಎಷ್ಟೋ ಸಲ ಅದರ ಪಾಠಪುಸ್ತಕವೇ. 2022ರ ಪರಿಷ್ಕರಣೆಯಲ್ಲಿ ಸಾರಾ ಅವರ ಪಾಠ ಹೋಯಿತು, ಲಂಕೇಶರ ಪಾಠ ಹೋಯಿತು, ಹೆಡಗೇವಾರರ ಭಾಷಣ ಒಳಗೆ ಬಂತು. ತಮ್ಮ ಬರಹಕ್ಕೆ ಕೊಟ್ಟ ಒಪ್ಪಿಗೆಯನ್ನು ದೇವನೂರ ಮಹಾದೇವ ಹಿಂದಕ್ಕೆ ಪಡೆದರು, ಇನ್ನೂ ಹಲವರು ಪಡೆದರು. ಮರುವರ್ಷ ಸರ್ಕಾರ ಬದಲಾಯಿತು, ಪಾಠಗಳೂ ಬದಲಾದವು. ನಾಳೆ ಇನ್ನೊಂದು ಬಂದರೆ ಮತ್ತೆ ಕತ್ತರಿ. ಸಂಶೋಧನೆ ಮಾಡಿದ್ದಕ್ಕೆ ಕಲಬುರ್ಗಿಯವರನ್ನು 2015ರಲ್ಲಿ ಧಾರವಾಡದ ಅವರ ಮನೆಬಾಗಿಲಲ್ಲೇ ಕೊಂದ ನಾಡಿನಲ್ಲಿ ಕಾಲವೇ ತೀರ್ಮಾನಿಸುತ್ತದೆ ಅನ್ನಲು ನಾಲಿಗೆಯಾದರೂ ಹೇಗೆ ಬರುತ್ತದೆ?

ಗ್ರಂಥಾಲಯದ ಕಥೆಯನ್ನು ಎರಡು ಮಾತಲ್ಲಿ ಮುಗಿಸುತ್ತೇನೆ. 1965ರ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ ವಸೂಲಾಗುತ್ತದೆ. ವಸೂಲು ಮಾಡಿಕೊಂಡ ಸ್ಥಳೀಯ ಸಂಸ್ಥೆಗಳು ಅದನ್ನು ವರ್ಷಗಟ್ಟಲೆ ಬಾಕಿ ಉಳಿಸಿಕೊಳ್ಳುತ್ತವೆ. ಸಗಟು ಖರೀದಿಯ ಬಿಲ್ಲಿಗಾಗಿ ಸಣ್ಣ ಪ್ರಕಾಶಕ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಮರುಮುದ್ರಣ ನಿಲ್ಲುತ್ತದೆ. ಹೊಸಪೇಟೆಯಲ್ಲೋ ಸಿಂಧನೂರಿನಲ್ಲೋ ಬರೆಯುವ ಹುಡುಗಿಯ ಮೊದಲ ಕಥಾಸಂಕಲನ ಎರಡನೇ ಮುದ್ರಣ ಕಾಣದೆ ಮಾಯವಾಗುತ್ತದೆ. ಅವಳನ್ನೂ ಕಾಲ ಮರೆಯಿತು ಎಂದು ಮುಂದೆ ಯಾರೋ ಬರೆಯುತ್ತಾರೆ.

ಆದ್ದರಿಂದ ಪಟ್ಟಿ ಬೇಡ. ಓದುವ ಮಗು ಇದ್ದರೆ ಓದಿಸಿಕೊಳ್ಳುವ ಲೇಖಕ ಇರುತ್ತಾನೆ. ಕನ್ನಡ ಶಾಲೆಗಳು ಹೀಗೇ ಒಂದೊಂದಾಗಿ ವಿಲೀನದ ಹೆಸರಲ್ಲಿ ಮುಚ್ಚಿದರೆ ಕುವೆಂಪುವೂ ಇಲ್ಲ, ಮಹಾದೇವನೂ ಇಲ್ಲ, ನಾನು ನೀವಂತೂ ಇಲ್ಲವೇ ಇಲ್ಲ. 2010ರಲ್ಲಿ ನೃಪತುಂಗ ಪ್ರಶಸ್ತಿಯನ್ನು ದೇವನೂರ ಮಹಾದೇವ ಬೇಡ ಅಂದರು. ಕೊಟ್ಟ ಕಾರಣ, ಕನ್ನಡ ಇನ್ನೂ ಶಾಲೆಯ ಕಲಿಕೆಯ ಭಾಷೆ ಆಗಿಲ್ಲ ಅನ್ನುವುದು. ಆ ನಿರಾಕರಣೆಯನ್ನು ಎಲ್ಲರೂ ಹೊಗಳಿದೆವು, ಅವರ ಹಿಂದೆ ಸಾಲು ನಿಂತವರು ಎಷ್ಟು ಜನ? ರಾಜ್ಯೋತ್ಸವ ಪ್ರಶಸ್ತಿಗಾಗಿ ಓಡಾಡುವ ಲೇಖಕ ಮಿತ್ರರೇ, ಮೊದಲು ನಿಮ್ಮ ಹೋಬಳಿಯಲ್ಲಿ ಬೀಗ ಬಿದ್ದ ಕನ್ನಡ ಶಾಲೆ ಎಷ್ಟು ಎಂದು ಬಿಇಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಒಂದೇ ಒಂದು ಬಾಗಿಲು ಮತ್ತೆ ತೆರೆಯುವತನಕ ಪ್ರಶಸ್ತಿ ಕೊಡುವ ಮಂತ್ರಿಯ ಕೈಯಿಂದ ಏನನ್ನೂ ತೆಗೆದುಕೊಳ್ಳಬೇಡಿ.