ಅಡಿಕೆಗೆ ಹೋದ ಮಾನ

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ನಮ್ಮ ಹಿರಿಯರು ಮದುವೆ ಮನೆಗಳಲ್ಲಿ ಮೇಲಿಂದ ಮೇಲೆ ನೆನೆಯುತ್ತಿದ್ದರು. ಬೀಗರ ಕಡೆಯ ಒಬ್ಬ ವೃದ್ಧರಿಗೆ ಎಲೆ ಅಡಿಕೆ ಕೊಡಲು ಮರೆತರೆ, ಅನಂತರ ಹೋಳಿಗೆಯ ಊಟವಿಕ್ಕಿದರೂ ಆ ಕೊರತೆ ತುಂಬುವುದಿಲ್ಲ. ಅವರಿಗೆ ಬೇಕಾಗಿದ್ದುದು ಅಡಿಕೆಯಲ್ಲ. ತಾವೂ ಈ ಚಪ್ಪರದಲ್ಲಿ ಲೆಕ್ಕಕ್ಕೆ ಇದ್ದೇವೆ ಎಂಬ ಭರವಸೆ ಅವರಿಗೆ ಬೇಕಾಗಿತ್ತು.

ಈ ಗಾದೆ ಬೀಗತನಕ್ಕೆ ಎಷ್ಟು ಸಲ್ಲುತ್ತದೆಯೋ ಅಂಗಡಿ, ಗಿರಣಿ, ಕಾರ್ಖಾನೆ, ಕಚೇರಿಗಳಿಗೂ ಅಷ್ಟೇ ಸಲ್ಲುತ್ತದೆ. ವರ್ಷಾನುಗಟ್ಟಲೆ ದುಡಿದ ನಂಬಿಗಸ್ತ ಕೆಲಸಗಾರನೊಬ್ಬನು ಯಾವುದೋ ಒಂದು ಚಿಕ್ಕ ಸವಲತ್ತು ದೊರೆಯದ ಕಾರಣಕ್ಕೆ ಒಮ್ಮೆಲೆ ಕೆಲಸ ಬಿಟ್ಟು ಹೋದನೆಂದರೆ ಜನ ಬೆರಗಾಗುತ್ತಾರೆ. "ಇಷ್ಟಕ್ಕೇ ಹೋದನೇ?" ಎಂದು ಯಜಮಾನರೂ ಕೇಳುತ್ತಾರೆ. ನಮ್ಮ ಓದುಗ ಬಂಧುಗಳಲ್ಲಿ ನಾಲ್ಕು ಜನರಿಗೆ ಅನ್ನದ ದಾರಿ ಮಾಡಿಕೊಟ್ಟವರಿದ್ದಾರೆ, ಇನ್ನೊಬ್ಬರಲ್ಲಿ ದುಡಿದು ಸಂಸಾರ ನಡೆಸುವವರೂ ಇದ್ದಾರೆ. ಇಬ್ಬರಿಗೂ ಸಂಬಂಧಿಸಿದ ಈ ವಿಷಯವನ್ನು ಈ ತಿಂಗಳು ವಿಚಾರಿಸಬೇಕೆಂದು ನಮಗೆ ಅನ್ನಿಸಿದೆ.

ಇದಕ್ಕೆ ಬಹು ಪ್ರಸಿದ್ಧವಾದ ನಿದರ್ಶನವೊಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ದೊರೆಯುತ್ತದೆ. ದೂರದರ್ಶನದ ಪೆಟ್ಟಿಗೆಗೆ ಜೋಡಿಸಿ ಆಡುವ ಆಟಗಳನ್ನು ತಯಾರಿಸುವ ಅಟಾರಿ ಎಂಬ ಕಂಪನಿ 1972ರಲ್ಲಿ ಅಲ್ಲಿ ಸ್ಥಾಪನೆಯಾಯಿತು. 1976ರಲ್ಲಿ ವಾರ್ನರ್ ಕಮ್ಯುನಿಕೇಷನ್ಸ್ ಎಂಬ ದೊಡ್ಡ ಸಂಸ್ಥೆ ಅದನ್ನು ಕೊಂಡುಕೊಂಡಿತು. ಬಟ್ಟೆಯ ಉದ್ಯಮದಲ್ಲಿ ನುರಿತ ರೇ ಕಸಾರ್ ಎಂಬವರು ಅದರ ಮುಖ್ಯಸ್ಥರಾಗಿ ಬಂದರು. ಒಂದೊಂದು ಆಟವನ್ನೂ ಆಗ ಒಬ್ಬನೇ ವ್ಯಕ್ತಿ ತಿಂಗಳುಗಟ್ಟಲೆ ಕುಳಿತು ಕಲ್ಪಿಸಿ, ರಚಿಸಿ, ತಿದ್ದಿ ಮುಗಿಸುತ್ತಿದ್ದನು. ಆದರೆ ಮಾರುವ ಪೆಟ್ಟಿಗೆಯ ಮೇಲಾಗಲಿ ಒಳಗಿನ ಪುಸ್ತಿಕೆಯಲ್ಲಾಗಲಿ ಅವನ ಹೆಸರು ಇರುತ್ತಿರಲಿಲ್ಲ.

ಡೇವಿಡ್ ಕ್ರೇನ್, ಅಲನ್ ಮಿಲ್ಲರ್, ಬಾಬ್ ವೈಟ್‌ಹೆಡ್, ಲ್ಯಾರಿ ಕಪ್ಲಾನ್ ಎಂಬ ನಾಲ್ವರು ಅಲ್ಲಿ ಅತ್ಯಂತ ನುರಿತ ರಚನಕಾರರಾಗಿದ್ದರು. ಯಾವ ಆಟ ಎಷ್ಟು ಮಾರಾಟವಾಗಿದೆಯೆಂಬ ಪಟ್ಟಿಯೊಂದನ್ನು ಕಂಪನಿಯೇ ಒಮ್ಮೆ ಹಂಚಿತು. ನಾಲ್ವರೂ ಕೂಡಿ ಲೆಕ್ಕ ಹಾಕಿದಾಗ, ಸುಮಾರು ಹತ್ತು ಕೋಟಿ ಡಾಲರ್ ವ್ಯಾಪಾರದಲ್ಲಿ ಆರು ಕೋಟಿಯಷ್ಟು ತಮ್ಮ ಆಟಗಳಿಂದಲೇ ಬಂದಿದೆಯೆಂದು ಕಂಡುಬಂದಿತೆಂದು ಕ್ರೇನ್ ಮುಂದೆ ಹೇಳಿಕೊಂಡಿದ್ದಾರೆ. ಅವರು ಮುಖ್ಯಸ್ಥರ ಬಳಿ ಹೋಗಿ ಎರಡು ಮಾತು ಕೇಳಿದರು. ಮಾರಾಟದಲ್ಲಿ ಒಂದು ಸಣ್ಣ ಪಾಲು ಕೊಡಿರಿ, ಪೆಟ್ಟಿಗೆಯ ಮೇಲೆ ನಮ್ಮ ಹೆಸರು ಹಾಕಿರಿ. ಅದಕ್ಕೆ ದೊರೆತ ಉತ್ತರವೂ ಕ್ರೇನ್ ಅವರ ನೆನಪಿನಲ್ಲಿ ಉಳಿದಿದೆ. ಸಾಲಿನಲ್ಲಿ ನಿಂತು ಆಟದ ಪೆಟ್ಟಿಗೆಯನ್ನು ಜೋಡಿಸುವವನಿಗಿಂತ ನೀವೇನೂ ಹೆಚ್ಚಿನವರಲ್ಲ ಎಂಬುದೇ ಅದರ ತಾತ್ಪರ್ಯವಾಗಿತ್ತು.

ಪಾಲು ಕೊಡುವುದು ಹಣದ ವಿಚಾರ, ಅದರಲ್ಲಿ ಯಜಮಾನನಿಗೆ ತನ್ನದೇ ಆದ ಲೆಕ್ಕಾಚಾರ ಇರಬಹುದು. ಹೆಸರು ಅಚ್ಚು ಹಾಕಿಸುವುದಕ್ಕೆ ಎಷ್ಟು ಖರ್ಚು ತಗಲುತ್ತಿತ್ತು? ಹೇಗೂ ಅಚ್ಚಾಗುತ್ತಿದ್ದ ಪೆಟ್ಟಿಗೆಯ ಮೇಲೆ ಒಂದು ಸಾಲು ಹೆಚ್ಚಾಗುತ್ತಿತ್ತು, ಅಷ್ಟೆ. ಆ ಒಂದು ಸಾಲನ್ನು ನಿರಾಕರಿಸಿದ ಫಲವಾಗಿ ನಾಲ್ವರೂ ಕೆಲಸ ಬಿಟ್ಟರು. 1979ರ ಅಕ್ಟೋಬರಿನಲ್ಲಿ, ಸಂಗೀತೋದ್ಯಮದ ಅನುಭವವಿದ್ದ ಜಿಮ್ ಲೆವಿಯವರನ್ನು ಕೂಡಿಕೊಂಡು ಆ್ಯಕ್ಟಿವಿಷನ್ ಎಂಬ ಹೊಸ ಕಂಪನಿ ಕಟ್ಟಿದರು. ಅಟಾರಿಯ ಯಂತ್ರದಲ್ಲಿಯೇ ಆಡಬಹುದಾದ ಆಟಗಳನ್ನು ಹೊರಗಿನವರು ತಯಾರಿಸಿ ಮಾರತೊಡಗಿದುದು ಅದೇ ಮೊದಲು. ಪ್ರತಿಯೊಂದು ಆಟದೊಡನೆಯೂ ರಚಿಸಿದವರ ಹೆಸರನ್ನು ಅವರು ಹೆಮ್ಮೆಯಿಂದ ಅಚ್ಚು ಹಾಕಿಸಿದರು. ಅಟಾರಿ ನ್ಯಾಯಾಲಯಕ್ಕೂ ಹೋಯಿತು, ಆದರೆ ಅವರನ್ನು ತಡೆಯಲಾಗಲಿಲ್ಲ. 1982ರಲ್ಲಿ ಕ್ರೇನ್ ರಚಿಸಿದ ಪಿಟ್‌ಫಾಲ್ ಎಂಬ ಒಂದೇ ಆಟ ನಲವತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು.

ಅದೇ ಕಂಪನಿಯಲ್ಲಿದ್ದ ವಾರೆನ್ ರಾಬಿನೆಟ್ ಎಂಬವರು ಇನ್ನೊಂದು ದಾರಿ ಹಿಡಿದರು. ತಾವು ರಚಿಸಿದ ಅಡ್ವೆಂಚರ್ ಎಂಬ ಆಟದೊಳಗೆ ಯಾರಿಗೂ ತಿಳಿಸದೆ ಒಂದು ಗುಪ್ತ ಕೋಣೆಯನ್ನು ನಿರ್ಮಿಸಿ ಅದರಲ್ಲಿ ತಮ್ಮ ಹೆಸರನ್ನು ಬರೆದಿಟ್ಟು, ರಾಜೀನಾಮೆ ಕೊಟ್ಟು ನಡೆದರು. ಆಟವಾಡುತ್ತಿದ್ದ ಹುಡುಗನೊಬ್ಬನು ಅದನ್ನು ಪತ್ತೆ ಹಚ್ಚಿ ಕಂಪನಿಗೆ ಪತ್ರ ಬರೆದ ಮೇಲೆಯೇ ಯಜಮಾನರಿಗೆ ಅದು ತಿಳಿದದ್ದು. ಬಾಗಿಲಲ್ಲಿ ಬರೆಯಗೊಡದ ಹೆಸರನ್ನು ಮನುಷ್ಯನು ಗೋಡೆಯೊಳಗಾದರೂ ಬರೆದುಹೋಗುತ್ತಾನೆ.

1983ರಲ್ಲಿ ಅಟಾರಿಗೆ 50 ಕೋಟಿ ಡಾಲರಿಗೂ ಮೀರಿದ ನಷ್ಟವಾಯಿತು. 1984ರಲ್ಲಿ ವಾರ್ನರ್ ಸಂಸ್ಥೆ ಮನೆಬಳಕೆಯ ಆಟ ಮತ್ತು ಗಣಕಯಂತ್ರಗಳ ಆ ವ್ಯವಹಾರವನ್ನು ಮಾರಿ ಕೈತೊಳೆದುಕೊಂಡಿತು. ಅದಕ್ಕೆ ನಾಲ್ವರು ಬಿಟ್ಟುಹೋದುದೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಕೀಳು ದರ್ಜೆಯ ಆಟಗಳು ಪೇಟೆಯಲ್ಲಿ ತುಂಬಿಹೋದುದು ಮುಂತಾದ ಬೇರೆ ಕಾರಣಗಳೂ ಇದ್ದವು. ಆದರೆ ಒಂದು ಸಾಲಿನ ಮಸಿಯಲ್ಲಿ ಉಳಿಸಿಕೊಳ್ಳಬಹುದಾಗಿದ್ದವರನ್ನು ಕಂಪನಿ ತನಗೆ ಎದುರಾಳಿಗಳನ್ನಾಗಿ ಮಾಡಿಕೊಂಡಿತೆಂಬುದು ಮಾತ್ರ ನಿಜ.

ಹೊಸದಾಗಿ ಕೇಳಿದ ಸವಲತ್ತಿನ ಕಥೆ ಇದಾದರೆ, ಮೊದಲಿನಿಂದ ಇದ್ದುದನ್ನು ಕಸಿದುಕೊಂಡ ಕಥೆಗಳೂ ಇವೆ. ಮೈಕ್ರೋಸಾಫ್ಟ್ ಕಂಪನಿಯ ಕೇಂದ್ರ ಕಚೇರಿಯಲ್ಲಿ ಸೈಕಲ್ ಮೇಲೆ ಬಂದವರಿಗೂ ವ್ಯಾಯಾಮ ಮಾಡಿದವರಿಗೂ ಸ್ನಾನದ ಅನುಕೂಲವಿದ್ದು, ಅಲ್ಲಿ ಟವೆಲುಗಳನ್ನು ಇಡುತ್ತಿದ್ದರು. 2004ರಲ್ಲಿ ಖರ್ಚು ತಗ್ಗಿಸುವ ಹೆಸರಿನಲ್ಲಿ ಆ ಟವೆಲುಗಳನ್ನು ನಿಲ್ಲಿಸಲಾಯಿತು. ಅದೇ ವರ್ಷ ಆ ಕಂಪನಿ ತನ್ನ ಪಾಲುದಾರರಿಗೆ 3,200 ಕೋಟಿ ಡಾಲರ್ ವಿಶೇಷ ಲಾಭಾಂಶ ಹಂಚಿತ್ತು. ಇಷ್ಟು ಹಣವುಳ್ಳವರಿಗೆ ನಮ್ಮ ಮೈ ಒರೆಸುವ ಬಟ್ಟೆ ಭಾರವಾಯಿತೇ ಎಂದು ನೌಕರರು ನೊಂದುಕೊಂಡರು. 2006ರಲ್ಲಿ ನೌಕರವರ್ಗದ ಹೊಣೆ ಹೊತ್ತಿದ್ದ ಲಿಸಾ ಬ್ರುಮ್ಮೆಲ್ ಎಂಬವರು ಕೈಗೊಂಡ ಸುಧಾರಣೆಗಳಲ್ಲಿ ಟವೆಲುಗಳನ್ನು ಮತ್ತೆ ತಂದಿರಿಸುವುದೂ ಒಂದಾಗಿತ್ತು. 2024ರಲ್ಲಿ ಇಂಟೆಲ್ ಕಂಪನಿಯೂ ಇದೇ ದಾರಿಯಲ್ಲಿ ನಡೆದು ಪಾಠ ಕಲಿತಿತು. ಸುಮಾರು 15 ಸಾವಿರ ಜನರನ್ನು ಕೆಲಸದಿಂದ ಬಿಡಿಸುವ ಘೋಷಣೆ ಹೊರಟ ಕಷ್ಟಕಾಲದಲ್ಲಿ ಪುಕ್ಕಟೆ ಕಾಫಿ, ಚಹಾ ಕೂಡ ನಿಂತಿತ್ತು. ನಷ್ಟದ ದಿನಗಳು ಮುಗಿಯುವ ಮೊದಲೇ, ಅದೇ ವರ್ಷದ ನವೆಂಬರಿನಲ್ಲಿ, ಕಾಫಿ ಚಹಾಗಳನ್ನು ಮತ್ತೆ ಆರಂಭಿಸಬೇಕಾಯಿತು.

ಒಂದು ಲೋಟ ಚಹಾಕ್ಕೆ ಇಷ್ಟು ಬೆಲೆ ಏಕೆ? ಜರ್ಮನಿಯ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಕುಬೆ, ಮರೆಶಾಲ್, ಪುಪ್ಪೆ ಎಂಬ ವಿದ್ವಾಂಸರು ನಡೆಸಿ 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ಪುಸ್ತಕಗಳ ಪಟ್ಟಿ ಮಾಡಲು ಮೂರು ಗಂಟೆಯ ಮಟ್ಟಿಗೆ ವಿದ್ಯಾರ್ಥಿಗಳನ್ನು ಗಂಟೆಗೆ 12 ಯೂರೋ ಕೂಲಿಯ ಮೇಲೆ ನೇಮಿಸಿಕೊಂಡರು. ಕೆಲವರಿಗೆ ಮಾತಾಡಿದಷ್ಟೇ ಕೂಲಿ. ಕೆಲವರಿಗೆ ಅದರ ಮೇಲೆ ಅನಿರೀಕ್ಷಿತವಾಗಿ 7 ಯೂರೋ ಹಣ. ಇನ್ನು ಕೆಲವರಿಗೆ 7 ಯೂರೋ ಬೆಲೆಯ ಒಂದು ಥರ್ಮಾಸ್ ಬಾಟಲಿಯನ್ನು ಚೆಂದದ ಕಾಗದದಲ್ಲಿ ಸುತ್ತಿ ಕೊಟ್ಟರು. ಹೆಚ್ಚಿನ ಹಣ ಪಡೆದವರ ಕೆಲಸದಲ್ಲಿ ಹೇಳಿಕೊಳ್ಳುವಂಥ ಹೆಚ್ಚಳ ಕಾಣಲಿಲ್ಲ. ಬಾಟಲಿ ಪಡೆದವರ ಕೆಲಸ ಸುಮಾರು ಕಾಲು ಭಾಗದಷ್ಟು ಹೆಚ್ಚಿತು. ಹಾಗಾದರೆ ಹಣಕ್ಕೆ ಬೆಲೆಯಿಲ್ಲವೇ ಎಂದು ಕೇಳಬಹುದು. ಅವರು ಅದನ್ನೂ ಪರೀಕ್ಷಿಸಿದರು. ಮತ್ತೊಂದು ಗುಂಪಿಗೆ ಅದೇ 7 ಯೂರೋವನ್ನು, ನೋಟನ್ನು ಪುಟ್ಟ ಅಂಗಿಯಂತೆ ಮಡಚಿ, ನಾಣ್ಯದ ಮೇಲೆ ನಗುಮುಖ ಬರೆದು ಕೊಟ್ಟರು. ಆಗ ಹಣವೂ ಬಾಟಲಿಯಷ್ಟೇ ಕೆಲಸ ಮಾಡಿತು. ಕೊಟ್ಟವರು ನಮಗಾಗಿ ಒಂದು ಗಳಿಗೆ ವಿಚಾರ ಮಾಡಿದ್ದಾರೆ ಎಂಬುದೇ ಅಲ್ಲಿ ಲೆಕ್ಕಕ್ಕೆ ಬಂದ ವಸ್ತು.

ಇದನ್ನು ನಮ್ಮ ಮನೆ ಅಂಗಡಿಗಳಿಗೆ ಅನ್ವಯಿಸಿ ನೋಡೋಣ. ಅಡತಿ ಅಂಗಡಿಯೊಂದನ್ನು ಕಲ್ಪಿಸಿಕೊಳ್ಳಿರಿ. ಅಲ್ಲಿ ಹದಿನೆಂಟು ವರ್ಷದಿಂದ ಲೆಕ್ಕ ಬರೆಯುವ ಗುಮಾಸ್ತರು ದಿನವೂ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು, ಅಂಗಡಿ ತೆರೆಯುವ ಅರ್ಧ ಗಂಟೆ ಮೊದಲೇ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಸಂಜೆಯ ಬಸ್ಸಿನ ವೇಳೆ ಬದಲಾದುದರಿಂದ ಹದಿನೈದು ನಿಮಿಷ ಮೊದಲು ಹೋಗಲು ಅಪ್ಪಣೆ ಕೇಳುತ್ತಾರೆ. ವ್ಯವಹಾರವನ್ನು ಹೊಸದಾಗಿ ವಹಿಸಿಕೊಂಡ ಮಗ, "ಕಾಕಾ, ನಿಮಗೆ ಬಿಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ, ನಿಯಮ ಎಂದರೆ ನಿಯಮ" ಎನ್ನುತ್ತಾನೆ. ಗುಮಾಸ್ತರು, "ಆಗಲಿ, ಸಾವುಕಾರ್ರೆ" ಎಂದಷ್ಟೇ ಹೇಳಿ ಹೊರಬರುತ್ತಾರೆ. ನಿನ್ನೆಯವರೆಗೆ "ತಮ್ಮಾ" ಎಂದು ಕರೆಯುತ್ತಿದ್ದ ಹುಡುಗನನ್ನು ಅಂದು "ಸಾವುಕಾರ್ರೆ" ಎಂದಾಗಲೇ ಅವರು ಮನಸ್ಸಿನಲ್ಲಿ ಲೆಕ್ಕದ ಪುಸ್ತಕ ಮುಚ್ಚಿರುತ್ತಾರೆ. ಮುಂದಿನ ತಿಂಗಳು ಅವರು ಇನ್ನೊಂದು ಅಂಗಡಿಯಲ್ಲಿರುತ್ತಾರೆ.

ಉಳಿದದ್ದು ಹದಿನೈದು ನಿಮಿಷ. ಹೋದದ್ದು ಏನೇನು? ಯಾವ ರೈತನಿಗೆ ಬಿತ್ತನೆಯ ಮುಂಚೆ ಮುಂಗಡ ಬೇಕು, ಯಾವ ವ್ಯಾಪಾರಿಯ ಮಾತು ನೆಚ್ಚಬಹುದು, ಯಾವ ಬಾಕಿಯನ್ನು ಯಾವ ಹಬ್ಬದ ಹಿಂದೆ ಕೇಳಿದರೆ ಬರುತ್ತದೆ ಎಂಬ ತಿಳಿವಳಿಕೆಯೆಲ್ಲ ಅವರೊಡನೆ ಹೋಯಿತು. ದಿನದಿನದ ಆ ಅರ್ಧ ಗಂಟೆಯನ್ನು ಯಾರೂ ಬರೆದಿಟ್ಟಿರಲಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಆಕರ್ಲಾಫ್ ಅವರು 1982ರಲ್ಲಿಯೇ ಇದನ್ನು ಶಾಸ್ತ್ರೀಯವಾಗಿ ವಿವೇಚಿಸಿದರು. ಕೆಲಸವೆಂಬುದು ಕೇವಲ ಕೊಳ್ಳುವ ಮಾರುವ ವ್ಯವಹಾರವಲ್ಲ, ಅದರಲ್ಲಿ ಒಂದಂಶ ಉಡುಗೊರೆಗಳ ವಿನಿಮಯವೂ ಇದೆ ಎಂಬುದು ಅವರ ವಾದ. ಕೆಲಸಗಾರನು ಕರಾರಿಗಿಂತ ಹೆಚ್ಚು ದುಡಿಯುತ್ತಾನೆ, ಯಜಮಾನನು ಕರಾರಿಗಿಂತ ಹೆಚ್ಚು ಆದರಿಸುತ್ತಾನೆ. ಯಜಮಾನನು ನಿಯಮದ ಮಾತೆತ್ತಿದ ದಿನ ಕೆಲಸಗಾರನೂ ತನ್ನ ಉಡುಗೊರೆಯನ್ನು ಹಿಂತೆಗೆದುಕೊಳ್ಳುತ್ತಾನೆ.

ಕಾಯಿದೆಗಳು ಈ ಕೆಲಸವನ್ನು ನಮ್ಮ ಪರವಾಗಿ ಮಾಡಲಾರವು. 1948ರ ಕಾರ್ಖಾನೆ ಕಾಯಿದೆಯು 250ಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕ್ಯಾಂಟೀನಿನ ಏರ್ಪಾಡನ್ನು ಸೂಚಿಸಿತು. 1965ರ ಬೋನಸ್ ಕಾಯಿದೆಯು ಅದಕ್ಕೊಳಪಟ್ಟ ನೌಕರರಿಗೆ ಶೇಕಡಾ 8.33ರಷ್ಟು, ಅಂದರೆ ಸುಮಾರು ಒಂದು ತಿಂಗಳ ಸಂಬಳದಷ್ಟು, ಕನಿಷ್ಠ ಬೋನಸ್ಸನ್ನು ಗೊತ್ತುಪಡಿಸಿತು. ದೀಪಾವಳಿಯ ದಿನ ಗುಮಾಸ್ತರ ಮನೆಗೆ ಕಳಿಸುವ ಮಿಠಾಯಿಯ ಪೊಟ್ಟಣ, ಹಮಾಲರ ಮಗಳ ಮದುವೆಗೆ ಯಜಮಾನರು ಖುದ್ದಾಗಿ ಹೋಗಿ ಕುಳಿತುಕೊಳ್ಳುವ ಅರ್ಧ ಗಂಟೆ ಯಾವ ಕಾಯಿದೆಯಲ್ಲಿಯೂ ಇಲ್ಲ. ಆದುದರಿಂದಲೇ ಅವಕ್ಕೆ ಅಷ್ಟು ತೂಕ.

ಹಾಗೆಂದು ಕೇಳಿದ್ದನ್ನೆಲ್ಲ ಕೊಡಲೇಬೇಕೆಂದು ನಮ್ಮ ಅಭಿಪ್ರಾಯವಲ್ಲ. ನಿಜವಾಗಿಯೂ ಕೈ ಕಟ್ಟಿದ ಕಾಲ ಎಲ್ಲರಿಗೂ ಬರುತ್ತದೆ. ಆಗಲೂ ಹೇಗೆ ಹೇಳುತ್ತೇವೆಂಬುದು ಮುಖ್ಯ. ಜೆರಾಲ್ಡ್ ಗ್ರೀನ್‌ಬರ್ಗ್ ಎಂಬ ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಂದೇ ಕಂಪನಿಯ ಎರಡು ಕಾರ್ಖಾನೆಗಳಲ್ಲಿ ಹತ್ತು ವಾರಗಳ ಮಟ್ಟಿಗೆ ಶೇಕಡಾ 15ರಷ್ಟು ಸಂಬಳ ಕಡಿತವಾಯಿತು. ಒಂದರಲ್ಲಿ ಹಿರಿಯ ಅಧಿಕಾರಿ ಸುಮಾರು ಒಂದೂವರೆ ಗಂಟೆ ನಿಂತು ಕಾರಣವನ್ನು ಅಂಕಿಅಂಶಗಳೊಡನೆ ವಿವರಿಸಿ, ವಿಷಾದ ತೋರಿ, ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು. ಇನ್ನೊಂದರಲ್ಲಿ ಕಾಲು ಗಂಟೆಯಲ್ಲಿ ವಿಷಯ ತಿಳಿಸಿ ಮುಗಿಸಿದರು. ಕಡಿತ ಎರಡು ಕಡೆಯೂ ಒಂದೇ. ಆದರೆ ಎರಡನೆಯ ಕಾರ್ಖಾನೆಯಲ್ಲಿ ಸಾಮಾನು ಕಳುವಾಗುವುದು ಬಹಳ ಹೆಚ್ಚಿತು, ಕೆಲಸ ಬಿಟ್ಟವರೂ ಹೆಚ್ಚಾದರು. ಜನ ಬಡತನವನ್ನು ಸಹಿಸುತ್ತಾರೆ, ತಾತ್ಸಾರವನ್ನು ಸಹಿಸುವುದಿಲ್ಲ.

ದುಡಿಯುವ ನಮ್ಮ ಬಂಧುಗಳಿಗೂ ಎರಡು ಮಾತು ಹೇಳಬೇಕಾಗಿದೆ. ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಸಮಾಧಾನಗೊಂಡವನ ಮುಂದೆ ಬಿಟ್ಟುಹೋಗುವ ದಾರಿಯೂ ಬಾಯಿಬಿಟ್ಟು ಹೇಳುವ ದಾರಿಯೂ ಇರುತ್ತವೆ, ನಿಷ್ಠೆಯುಳ್ಳವನು ಸಾಮಾನ್ಯವಾಗಿ ಹೇಳಿ ನೋಡುತ್ತಾನೆ ಎಂದು ವಿವರಿಸಿದ್ದಾರೆ. ನೊಂದ ಕೂಡಲೇ ಮೌನವಾಗಿ ಹೊರಡುವುದರಿಂದ ಯಜಮಾನನಿಗೆ ತನ್ನ ತಪ್ಪು ತಿಳಿಯುವುದೇ ಇಲ್ಲ. ಅವನು ಮುಂದಿನವನಿಗೂ ಹಾಗೆಯೇ ಮಾಡುತ್ತಾನೆ. ಕೋಪದ ದಿನ ರಾಜೀನಾಮೆ ಬರೆಯದೆ, ಮನೆಯಲ್ಲಿ ಹೆಂಡತಿ ಮಕ್ಕಳೊಡನೆ ಕುಳಿತು ಆಲೋಚಿಸಿ, "ನನಗೆ ನೋವಾದದ್ದು ಇಂಥದ್ದರಿಂದ" ಎಂದು ಒಮ್ಮೆ ಸ್ಪಷ್ಟವಾಗಿ ಹೇಳಬೇಕು. ಹೇಳಿದ ಮೇಲೂ ಕೇಳುವ ಕಿವಿ ಇಲ್ಲದಿದ್ದರೆ ಬಿಡುವುದರಲ್ಲಿ ತಪ್ಪಿಲ್ಲ. ಕಾಯಕವನ್ನು ಗೌರವಿಸುವವನು ತನ್ನ ಕಾಯಕಕ್ಕೆ ಗೌರವವಿಲ್ಲದಲ್ಲಿ ನಿಲ್ಲಬೇಕಾಗಿಲ್ಲ.

ಈ ಹೊಣೆಯಲ್ಲಿ ಯಜಮಾನರ ಪಾಲೇ ದೊಡ್ಡದು. ನಮ್ಮ ಅಂಗಡಿಯ, ಶಾಲೆಯ, ಗಿರಣಿಯ ಕೆಲಸಗಾರರಲ್ಲಿ ಪ್ರತಿಯೊಬ್ಬರೂ ಕರಾರಿನಲ್ಲಿ ಇಲ್ಲದ ಏನನ್ನು ನಮಗೆ ಕೊಡುತ್ತಿದ್ದಾರೆಂದು ಈ ತಿಂಗಳು ಒಂದು ಹಾಳೆಯ ಮೇಲೆ ಬರೆದು ನೋಡಬೇಕು. ಬೇಗ ಬರುವವರು ಯಾರು, ದೀಪ ಆರಿಸಿ ಬೀಗ ನೋಡಿ ಹೋಗುವವರು ಯಾರು, ಗಿರಾಕಿಯ ಸಿಟ್ಟನ್ನು ತಾವು ನುಂಗಿಕೊಂಡು ಅಂಗಡಿಯ ಹೆಸರು ಉಳಿಸುವವರು ಯಾರು? ವ್ಯವಹಾರ ವಹಿಸಿಕೊಳ್ಳುವ ಮಕ್ಕಳ ಕೈಗೆ ತಿಜೋರಿಯ ಕೀಲಿಯೊಡನೆ ಈ ಹಾಳೆಯನ್ನೂ ಕೊಡಬೇಕು. ಅದನ್ನು ಓದಿಕೊಂಡ ಮಗನು, ಹದಿನೈದು ನಿಮಿಷ ಕೇಳಲು ಬಂದ ಹಿರಿಯರನ್ನು ಬರಿಗೈಯಲ್ಲಿ ಕಳುಹಿಸಲಾರನೆಂದು ನಮ್ಮ ನಂಬಿಕೆ.