2ಬಿ, 6ಬಿ ಸಾಕು: ಆಕ್ಷೇಪಗಳಿಗೆ ಉತ್ತರ

ಚಿತ್ರ ಬರೆಯಲು ಹೊಸದಾಗಿ ಕುಳಿತ ಮಗುವಿಗೆ ಎರಡು ಪೆನ್ಸಿಲ್ ಕೊಡಿಸಿ, ಒಂದು 2ಬಿ, ಇನ್ನೊಂದು 6ಬಿ, ಡಬ್ಬಿ ಬೇಡ ಎಂದು ಮೇಡ್ಲೇರಿಯ ಪಾಲಕರಿಗೆ ಹೇಳುತ್ತ ಬಂದಿದ್ದೇನೆ. ಎಚ್‌ಬಿ ಅಂತೂ ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ. ಇಷ್ಟು ಸಣ್ಣ ಮಾತಿಗೆ ಎರಡೂ ಕಡೆಯಿಂದ ವಿರೋಧ ಬಂದಿದೆ. ಎರಡು ಯಾಕೆ ಬೇಕು ಎನ್ನುವವರು ಕೆಲವರು, ಎರಡು ಎಲ್ಲಿಗೆ ಸಾಲುತ್ತದೆ ಎನ್ನುವವರು ಕೆಲವರು. ಎಲ್ಲರೂ ಮಕ್ಕಳ ಹಿತ ಬಯಸುವವರೇ. ಆದ್ದರಿಂದ ಒಬ್ಬೊಬ್ಬರ ಮಾತಿಗೂ ಉತ್ತರ ಕೊಡಬೇಕೆನಿಸಿತು.

ಮೊದಲನೆಯದು ನಿವೃತ್ತ ಮಾಸ್ತರರೊಬ್ಬರ ಮಾತು. "ಕೈ ಇದ್ದಾವಗ ಇದ್ದಲಿ ತುಂಡೂ ಸಾಕ್ರಿ. ಪೆನ್ಸಿಲ್ ಯಾವುದಾದರ ಏನು?" ಕಲಾವಿದನ ಕೈಯ ಬಗ್ಗೆ ಅವರಿಗಿರುವ ಗೌರವ ನನಗೂ ಇದೆ. ಉಡುಪಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ನಾಲ್ಕಾರು ಗೆರೆಗಳಲ್ಲಿ ಕುಣಿಯುವ ಮೈಯನ್ನು ಹಿಡಿದವರು. ಅಂಥವರ ಕೈಗೆ ಯಾವ ಕಡ್ಡಿ ಕೊಟ್ಟರೂ ನಡೆದೀತು. ಇಲ್ಲಿ ಪ್ರಶ್ನೆ ಇರುವುದು ಆರನೇ ಇಯತ್ತೆಯ ಮಗುವಿನದು. ಇನ್ನು ಇದ್ದಲಿಯ ಉದಾಹರಣೆ ನನ್ನ ಪಕ್ಷಕ್ಕೇ ಸಾಕ್ಷಿ ಹೇಳುತ್ತದೆ. ಇದ್ದಲಿ ಮೆತ್ತಗೆ, ತಾಗಿಸಿದರೆ ಸಾಕು ಕಪ್ಪು ಬೀಳುತ್ತದೆ. 6ಬಿ ಕೇಳುತ್ತಿರುವುದೂ ಅದೇ ಗುಣಕ್ಕಾಗಿ.

ಅನುಮಾನವಿದ್ದರೆ ಮಗುವಿನ ಮುಂದೆ ಒಂದು ಒಣಗಿದ ಬ್ಯಾಡಗಿ ಮೆಣಸಿನಕಾಯಿ ಇಟ್ಟು ನೋಡಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಗೆ ಲೋಕದಲ್ಲಿ ಹೆಸರು ಬಂದದ್ದು ಕೆಂಪು ಬಣ್ಣದಿಂದ. ಚಿತ್ರ ಬರೆಯುವವರು ನೋಡಬೇಕಾದದ್ದು ಅದರ ಸುಕ್ಕು. ಮೈತುಂಬ ನಿರಿಗೆ, ನಿರಿಗೆಯ ಏಣಿನ ಮೇಲೆ ಬೆಳಕು, ಪಕ್ಕದ ತಗ್ಗಿನಲ್ಲಿ ಗಾಢ ನೆರಳು. ಎಚ್‌ಬಿಯಲ್ಲಿ ಆ ನೆರಳು ಬರುವುದಿಲ್ಲ. ಬರಲಿ ಎಂದು ಮಗು ಒತ್ತುತ್ತದೆ. ಹಾಳಿ ತಗ್ಗು ಬೀಳುತ್ತದೆ, ಕೆಳಗಿನ ಹಾಳಿಯ ತನಕ ಗೆರೆಯ ಅಚ್ಚು ಮೂಡುತ್ತದೆ, ಕಪ್ಪಾಗಬೇಕಾದ ಜಾಗ ಬೂದಿ ಬಣ್ಣದಲ್ಲಿ ಮಿರುಗುತ್ತದೆ. ಕಡೆಗೆ "ನನಗ ಬರೂದಿಲ್ರಿ" ಎಂದು ಪಟ್ಟಿ ಮುಚ್ಚುತ್ತದೆ. ಮಗುವಿನ ಕಣ್ಣು ನೆರಳನ್ನು ಸರಿಯಾಗಿಯೇ ಕಂಡಿತ್ತು, ಕೈಯೂ ಸರಿಯಾದ ಜಾಗಕ್ಕೇ ಹೋಗಿತ್ತು. ಕೈಕೊಟ್ಟದ್ದು ಕಡ್ಡಿ. ಇಷ್ಟು ಅಗ್ಗದ ಕಾರಣಕ್ಕೆ ಒಂದು ಮಗು ಚಿತ್ರ ಬಿಡಬಾರದು ಎಂಬುದೇ ನನ್ನ ಹಟ.

"ಎಕ್ಸ್‌ಟ್ರಾ ಡಾರ್ಕ್ ಅಂತ ಬರದಿರ್ತೈತಲ್ರಿ, ಅದು ನಡೆಯೂದಿಲ್ಲೇನು?" ಎಂದು ಒಬ್ಬ ತಾಯಿ ಕೇಳಿದರು. ಒಳ್ಳೆಯ ಪ್ರಶ್ನೆ. ಅದು ಬರವಣಿಗೆಯ ಪೆನ್ಸಿಲ್. ಅಕ್ಷರ ಎದ್ದು ಕಾಣಲು ಬೇಕಾದಷ್ಟು ಕಪ್ಪು ಅದರಲ್ಲಿದೆ, 6ಬಿಯ ಕಪ್ಪು ಇಲ್ಲ. ಮನೆಯಲ್ಲಿ ಇದ್ದರೆ ಬಳಸಲಿ, ಚಿತ್ರಕ್ಕೆಂದೇ ಕೊಳ್ಳುವಾಗ ಅಂಕಿ ನೋಡಿ ಕೊಳ್ಳಿ.

ಇನ್ನೊಂದು ಪಕ್ಷದವರು ಹನ್ನೆರಡು ಪೆನ್ಸಿಲಿನ ಡಬ್ಬಿಯೇ ಬೇಕೆನ್ನುತ್ತಾರೆ. ಕಲಾಶಾಲೆಯಲ್ಲಿ ಓದಿ ಬಂದ ಊರಿನ ತರುಣನೊಬ್ಬ ಇದನ್ನು ಬಲವಾಗಿ ವಾದಿಸಿದ: "ಒಂದೊಂದು ಛಾಯೆಗೆ ಒಂದೊಂದು ಪೆನ್ಸಿಲ್ ಇರ್ತದ, ಅರ್ಧಾ ಸಾಮಾನು ಕೊಟ್ರ ಅರ್ಧಾ ವಿದ್ಯಾ ಬರ್ತದ." ಇದಕ್ಕೆ ಉತ್ತರ ಕೊಡಲು ಆ ಅಂಕಿಗಳು ಎಲ್ಲಿಂದ ಬಂದವು ಎಂಬಲ್ಲಿಗೆ ಹೋಗಬೇಕು. ಯುದ್ಧದಿಂದಾಗಿ ಇಂಗ್ಲೆಂಡಿನ ಗ್ರಾಫೈಟ್ ಫ್ರಾನ್ಸಿಗೆ ಬರುವುದು ನಿಂತಾಗ ನಿಕೋಲಾ ಜಾಕ್ ಕೋಂಟೆ ಎಂಬಾತ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ, ಕಡ್ಡಿ ಹೊಸೆದು, ಸುಟ್ಟು ಗಟ್ಟಿ ಮಾಡುವ ದಾರಿ ಕಂಡುಕೊಂಡ. 1795ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಇಂದಿಗೂ ಪೆನ್ಸಿಲಿನ ಗುಟ್ಟು ಅದೇ. ಮಣ್ಣು ಹೆಚ್ಚಾದಷ್ಟೂ ಕಡ್ಡಿ ಬಿರುಸು, ಗೆರೆ ತಿಳಿ: ಅದು ಎಚ್ ಸಾಲು. ಗ್ರಾಫೈಟ್ ಹೆಚ್ಚಾದಷ್ಟೂ ಕಡ್ಡಿ ಮೆತ್ತಗೆ, ಗೆರೆ ಕಪ್ಪು: ಅದು ಬಿ ಸಾಲು. ಎಚ್‌ಬಿ ಇವೆರಡರ ನಡುವೆ.

ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಸಾಲಿನಲ್ಲಿ 3ಬಿಗೂ 4ಬಿಗೂ ಇರುವ ಅಂತರ ಬಹಳ ಕಡಿಮೆ. ಬೆರಳು ಸ್ವಲ್ಪ ಬಿಗಿ ಮಾಡಿದರೆ ಅಥವಾ ಸಡಿಲ ಬಿಟ್ಟರೆ ಆ ಅಂತರ ಮುಚ್ಚಿಹೋಗುತ್ತದೆ. ಮೇಲಾಗಿ ಒಂದು ಕಂಪನಿಯ 4ಬಿ ಇನ್ನೊಂದರ 4ಬಿಯಷ್ಟೇ ಕಪ್ಪಾಗಿರುವುದಿಲ್ಲ. ಹನ್ನೆರಡು ಕೈಗೆ ಬಂದರೆ ಹೊಸಬರು ಮಾಡುವುದೇನು? ನೆರಳು ತುಸು ಗಾಢವಾಗಬೇಕೆಂದರೆ ಪೆನ್ಸಿಲ್ ಬದಲಿಸುತ್ತಾರೆ, ಕೈಯನ್ನು ಬದಲಿಸುವುದಿಲ್ಲ. ಮೊದಲ ವರ್ಷ ಕಲಿಯಬೇಕಾದ ವಿದ್ಯೆಯೇ ಕೈಯ ಒತ್ತಡ. ಒಂದೇ 2ಬಿಯಿಂದ ಸಾಲಾಗಿ ಐದು ಚೌಕ ತುಂಬಿಸಿ: ಮೊದಲನೆಯದು ಕಂಡೂ ಕಾಣದ ಹಾಗೆ, ಐದನೆಯದು ಆ ಕಡ್ಡಿ ಕೊಡಬಲ್ಲ ಪೂರ್ತಿ ಕಪ್ಪು, ನಡುವಿನ ಮೂರು ಹಂತ ಹಂತವಾಗಿ. ಇದು ಸಲೀಸಾಗಿ ಬಂದವರಿಗೆ 6ಬಿ ಸೇರಿದರೆ ತಂಬಿಗೆಯ ಹೊಳಪಿನಿಂದ ಹಗೇವಿನ ಕತ್ತಲಿನ ತನಕ ಎಲ್ಲವೂ ಬರುತ್ತದೆ. ಇನ್ನು ಹಲವು ಡಬ್ಬಿಗಳಲ್ಲಿ ತುಂಬಿರುವ 4ಎಚ್, 6ಎಚ್‌ನಂಥವು ನಕ್ಷೆ ತೆಗೆಯುವವರ ಸಾಮಾನು; ಮಗುವಿನ ತೆಳು ಹಾಳಿಯನ್ನು ಗೀರುತ್ತವೆ. ಆ ತರುಣನಿಗೆ ಹನ್ನೆರಡೂ ಬೇಕಾಗುತ್ತವೆ, ಏಕೆಂದರೆ ಅವನು ಕಲಿತಾಗಿದೆ. ಫೇಬರ್ ಕ್ಯಾಸ್ಟೆಲ್ ಕಂಪನಿಯ 1905ರಿಂದ ಬರುತ್ತಿರುವ 9000 ಸಾಲಿನ ಪೆನ್ಸಿಲ್ ಬಹಳ ಚೆನ್ನಾಗಿದೆ ಎಂಬ ಅವನ ಮಾತನ್ನೂ ಒಪ್ಪುತ್ತೇನೆ. ಮೊದಲ ಪೆನ್ಸಿಲಿಗೆ ಅದರ ಅಗತ್ಯವಿಲ್ಲ. ಅಪ್ಸರಾ, ಕ್ಯಾಮ್ಲಿನ್ ಹೆಸರಿನ ಡ್ರಾಯಿಂಗ್ ಪೆನ್ಸಿಲ್ ಸಾಕು.

ಮೂರನೆಯ ಆಕ್ಷೇಪ ಹೊಲಸಿನದು. ಮೆತ್ತನೆಯ ಪೆನ್ಸಿಲ್ ಹಾಳಿಯನ್ನೆಲ್ಲ ಕರಿ ಮಾಡುತ್ತದೆ, ರಬ್ಬರಿಗೆ ಹೋಗುವುದಿಲ್ಲ, ಪರೀಕ್ಷೆಯಲ್ಲಿ ಅಂಕ ಹೋಗುತ್ತವೆ ಎನ್ನುತ್ತಾರೆ. ಬೇಸಿಗೆಯಲ್ಲಿ ನಮ್ಮ ಕಡೆ ಅಂಗೈ ಬೆವರುವುದರಿಂದ ಕರಿಯಾಗುವುದು ನಿಜ. ಅಂಗೈ ಕೆಳಗೆ ಒಂದು ರದ್ದಿ ಹಾಳಿ ಇಟ್ಟುಕೊಂಡು, ಬಲಗೈಯವರು ಎಡಗಡೆಯಿಂದ ತುಂಬುತ್ತ ಬಂದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ರಬ್ಬರಿನ ವಿಷಯ ಹೇಳಿದಂತಿಲ್ಲ. ಹಗುರಾಗಿ ಎಳೆದ 2ಬಿ ಗೆರೆ ರಬ್ಬರಿಗೆ ಸುಲಭವಾಗಿ ಹೋಗುತ್ತದೆ. ಒತ್ತಿ ಎಳೆದ ಬಿರುಸು ಗೆರೆಯ ಬಣ್ಣ ಹೋದರೂ ಗೀರು ಉಳಿಯುತ್ತದೆ. ಪರೀಕ್ಷೆಯ ಮಾತಿನಲ್ಲಿ ಒಂದು ಭಾಗ ಸರಿ: ಲೋಯರ್ ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳು ರೇಖಾಗಣಿತದ ಪತ್ರಿಕೆಗೆ ಚೂಪಾದ ಎಚ್ ಅಥವಾ ಎಚ್‌ಬಿಯನ್ನೇ ಹಿಡಿಯಬೇಕು. ಅಲ್ಲಿ ಬೇಕಾದದ್ದು ಸಣ್ಣ, ಒಂದೇ ಸಮನಾದ ಗೆರೆ. ವಸ್ತುಚಿತ್ರದ ಗಡಿಗೆಗೆ ಅದೇ ನಿಯಮ ಹಚ್ಚಬೇಡಿ.

"ಮೆತ್ತನ್ನವು ಭಾಳ ಮುರೀತಾವ್ರಿ" ಎಂಬುದು ದುಡ್ಡು ಕೊಡುವವರ ದೂರು, ಅದನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಪೆನ್ಸಿಲ್ ನೆಲಕ್ಕೆ ಬಿದ್ದಾಗ ಒಳಗಿನ ಕಡ್ಡಿ ಅಲ್ಲಲ್ಲಿ ತುಂಡಾಗುತ್ತದೆ; ಆಮೇಲೆ ಎಷ್ಟು ಹೆರೆದರೂ ಮೊನೆ ಉದುರುತ್ತಲೇ ಇರುತ್ತದೆ. ಬೀಳದಂತೆ ನೋಡಿಕೊಳ್ಳುವುದು ಒಂದು ಉಪಾಯ, ನೋಡಿ ಕೊಳ್ಳುವುದು ಇನ್ನೊಂದು. ಅಂಗಡಿಯಲ್ಲಿ ಪೆನ್ಸಿಲಿನ ತುದಿ ನೋಡಿ, ಕಡ್ಡಿ ಮರದ ನಟ್ಟನಡುವೆ ಇರಬೇಕು. ಒಂದು ಬದಿಗೆ ಸರಿದಿದ್ದರೆ ಹೆರೆಯುವಾಗ ಒಂದು ಕಡೆ ಮರ ಉಳಿದು ಮೊನೆ ಮುರಿಯುತ್ತದೆ. ಕಟ್ಟೆಯ ಮೇಲೆ ಉರುಳಿಸಿ ನೋಡಿ, ಡೊಂಕಿದ್ದರೆ ಕುಂಟುತ್ತದೆ. ನಮ್ಮ ದೇಶದ ಪೆನ್ಸಿಲುಗಳಿಗೆ ಬಹಳಷ್ಟು ಮರ ಬರುವುದು ಕಾಶ್ಮೀರದ ಪುಲ್ವಾಮಾ ಕಡೆಯ ಪಾಪ್ಲರ್ ಗಿಡದಿಂದ. ಮರ ಒಳ್ಳೆಯದಿದ್ದರೂ ಹೆರೆಯುವ ಬ್ಲೇಡು ಮೊಂಡಾಗಿದ್ದರೆ ಉಪಯೋಗವಿಲ್ಲ. 6ಬಿಯನ್ನು ಶಾರ್ಪನರಿಗೆ ಹಾಕುವ ಬದಲು ಮನೆಯ ಹಿರಿಯರು ಬ್ಲೇಡಿನಿಂದ ಉದ್ದಕ್ಕೆ ಹೆರೆದು ಕೊಡಲಿ. ಮೊನೆ ಉದ್ದವಿದ್ದರೆ ಮಗು ಪೆನ್ಸಿಲನ್ನು ಅಡ್ಡ ಮಲಗಿಸಿ ಅಗಲವಾದ ನೆರಳು ತುಂಬಬಹುದು.

ಇದೇ ಕಾರಣಕ್ಕೆ, ಹೆರೆಯುವ ಗೋಜಿಲ್ಲದ ಪೆನ್ ಪೆನ್ಸಿಲ್ ಕೊಡಿಸೋಣ ಎನ್ನುವವರಿಗೂ ಬೇಡ ಎಂದೇ ಹೇಳುತ್ತೇನೆ. ಅದರ ಗೆರೆ ಒಂದೇ ದಪ್ಪ, ಅಡ್ಡ ಮಲಗಿಸಲು ಬರುವುದಿಲ್ಲ.

"ಹೊಲ ಮನಿ ಮಾಡೂ ಹುಡುಗ್ರಿಗೆ ಚಿತ್ರ ಯಾಕ್ರಿ?" ಎಂಬ ಮಾತು ಮಾತ್ರ ನನಗೆ ನೋವು ಕೊಟ್ಟಿತು. ಗದುಗಿನಲ್ಲಿ ಟಿ.ಪಿ. ಅಕ್ಕಿಯವರು ವಿಜಯ ಕಲಾಮಂದಿರ ಕಟ್ಟಿದ್ದು, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಚಿತ್ರಕಲಾಶಾಲೆ ನಡೆಸಿದ್ದು ಈ ಸೀಮೆಯ ಮಕ್ಕಳಿಗಾಗಿಯೇ. ನಮ್ಮ ಜಿಲ್ಲೆಯ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಅವರು ನಿಲ್ಲಿಸಿದ ಶಿಲ್ಪಗಳಲ್ಲಿ ಇರುವವರು ಹೊಲ ಮನೆ ಮಾಡುವವರೇ. ಆ ಬದುಕನ್ನು ಹತ್ತಿರದಿಂದ ಕಂಡ ಮಗುವಿಗಿಂತ ಚೆನ್ನಾಗಿ ಅದನ್ನು ಬರೆಯುವವರು ಯಾರಿದ್ದಾರೆ?

ಪಾಲಕರೇ, ಮುಂದಿನ ಸಲ ರಾಣೆಬೆನ್ನೂರಿಗೆ ಹೋದಾಗ ಒಂದು 2ಬಿ, ಒಂದು 6ಬಿ, ಒಂದು ಒಳ್ಳೆಯ ರಬ್ಬರ್ ಬಿಡಿಯಾಗಿ ಕೇಳಿ ತನ್ನಿ. ಡಬ್ಬಿಗೆಂದು ತೆಗೆದಿಟ್ಟ ಉಳಿದ ಹಣಕ್ಕೆ ದಪ್ಪನೆಯ ಡ್ರಾಯಿಂಗ್ ಹಾಳಿ ತನ್ನಿ. ಈ ವರ್ಷ ಮಕ್ಕಳಿಗೆ ಹೆಚ್ಚು ಬೇಕಾಗುವುದು ಹಾಳಿಯೇ.