ಮೂಲವನ್ನೇಕೆ ಹುಡುಕಬೇಕು?

ನದೀಮೂಲವನ್ನೂ ಋಷಿಮೂಲವನ್ನೂ ಹುಡುಕಬಾರದೆಂಬ ಮಾತನ್ನು ನಾನು ತರಗತಿಯಲ್ಲಿ ಎಷ್ಟೋ ಬಾರಿ ಆಡಿದ್ದೇನೆ. ಅದು ತಮ್ಮ ಮೂಲವನ್ನು ಚೆನ್ನಾಗಿ ಬಲ್ಲವರ ಮಾತು ಎಂಬುದು ನನಗೆ ಹೊಳೆದದ್ದು ತೀರ ತಡವಾಗಿ. ಮುತ್ತಜ್ಜನ ಹೆಸರು, ಹುಟ್ಟೂರು, ಮನೆದೇವರು ಇವಿಷ್ಟೂ ಗೊತ್ತಿರುವವನಿಗೆ ಹುಡುಕುವ ಪ್ರಸಂಗವೇ ಒದಗುವುದಿಲ್ಲ. ಅವನ್ನು ಇನ್ನೊಬ್ಬರು ಕಸಿದುಕೊಂಡಿದ್ದರೆ ಆಗಿನ ಪಾಡು ಬೇರೆ. ಕೆರಿಬಿಯನ್ ನಾಡುಗಳ ಬಹುಪಾಲು ಜನರದು ಅಂಥ ಪಾಡು.

1974ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮೊತ್ತಮೊದಲ ಟೆಸ್ಟ್ ಪಂದ್ಯ ನಡೆದಾಗ ನಾನಿನ್ನೂ ಶಾಲಾ ಬಾಲಕ. ವೆಸ್ಟ್ ಇಂಡೀಸಿನ ಪರವಾಗಿ ಗಯಾನದ ಆಲ್ವಿನ್ ಕಾಳಿಚರಣ್ 124 ರನ್ ಗಳಿಸಿದರು. ರೇಡಿಯೊದಲ್ಲಿ ವೀಕ್ಷಕ ವಿವರಣೆ ಕೇಳುತ್ತಿದ್ದ ನಮಗೆ ಆ ಹೆಸರೇ ಒಂದು ಸೋಜಿಗ. ಏಳು ಸಮುದ್ರದಾಚೆಯಿಂದ ಬಂದವನಿಗೆ ನಮ್ಮ ಕಾಳಿಯ ಹೆಸರೇಕೆ? ಹಿರಿಯರು ಯಾರೂ ಉತ್ತರಿಸಲಿಲ್ಲ, ಪಠ್ಯಪುಸ್ತಕದಲ್ಲೂ ಉತ್ತರವಿರಲಿಲ್ಲ. ಮುಂದೆ ನಾನೇ ಶಿಕ್ಷಕನಾದೆ, ನಾನೂ ಹೇಳಲಿಲ್ಲ. ಆ ಉತ್ತರ ಇರುವುದು ತೋಟದ ಒಡೆಯರೂ ಸರ್ಕಾರಿ ಗುಮಾಸ್ತರೂ ಬರೆದಿಟ್ಟ ಕಾಗದಗಳಲ್ಲಿ.

ಮೊದಲಿಗೆ ಆಫ್ರಿಕಾ ಮೂಲದವರನ್ನು ನೋಡೋಣ. ಬ್ರಿಟನ್ 1807ರಲ್ಲಿ ನಿಷೇಧಿಸಿದ್ದು ಗುಲಾಮರ ವ್ಯಾಪಾರವನ್ನು, ಗುಲಾಮಗಿರಿಯನ್ನಲ್ಲ. ಕದ್ದುಮುಚ್ಚಿ ಹೊಸಬರನ್ನು ತರಿಸಿಕೊಳ್ಳದಿರಲೆಂದು ಇದ್ದವರ ಪಟ್ಟಿ ಮಾಡುವ ಪದ್ಧತಿ ಟ್ರಿನಿಡಾಡಿನಲ್ಲಿ 1812ರ ಹೊತ್ತಿಗೆ, ಜಮೈಕಾದಲ್ಲಿ 1817ರಲ್ಲಿ ಜಾರಿಗೆ ಬಂದಿತು. ಒಡೆಯನ ಹೆಸರಿನ ಕೆಳಗೆ ಒಬ್ಬೊಬ್ಬರದೂ ಒಂಟಿ ಹೆಸರು, ವಯಸ್ಸು, ಮೈಬಣ್ಣ, ಆಫ್ರಿಕಾದಲ್ಲಿ ಹುಟ್ಟಿದವರೋ ದ್ವೀಪದಲ್ಲೇ ಹುಟ್ಟಿದವರೋ ಎಂಬ ಟಿಪ್ಪಣಿ. ಆಫ್ರಿಕಾದ ಯಾವ ಊರು ಎಂಬ ಪ್ರಶ್ನೆಯಿಲ್ಲ. ತಂದೆಯ ಹೆಸರು ಸಾಮಾನ್ಯವಾಗಿ ಇಲ್ಲ. ತಾಯಿಯ ಹೆಸರು ಅಲ್ಲಲ್ಲಿ ಇದೆ. ಏಕೆಂದರೆ ಹುಟ್ಟಿದ ಮಗು ತಾಯಿಯ ಒಡೆಯನ ಸ್ವತ್ತಾಗುತ್ತಿತ್ತು. ಈ ಪಟ್ಟಿಗಳು ಲಂಡನ್ನಿನ ಕ್ಯೂ ಎಂಬಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಜಮೈಕಾದ ಹೆಣ್ಣುಮಗಳೊಬ್ಬಳು ತನ್ನ ಹಿರಿಯರನ್ನು ಅಲ್ಲಿ ಹುಡುಕಬೇಕಾದರೆ ಮೊದಲು ಅವರನ್ನು ಕೊಂಡಿದ್ದವನು ಯಾರೆಂಬುದನ್ನು ತಿಳಿದಿರಬೇಕು. ಅಜ್ಜಿಯ ಬಾಗಿಲಿಗೆ ದಾರಿ ಇರುವುದು ಒಡೆಯನ ಅಂಗಳದ ಮೂಲಕ.

ಒಡೆಯರ ಲೆಕ್ಕ ಮಾತ್ರ ಬಹಳ ಅಚ್ಚುಕಟ್ಟು. 1833ರ ಕಾಯಿದೆಯ ಪ್ರಕಾರ 1834ರ ಆಗಸ್ಟ್ 1ರಂದು ಗುಲಾಮಗಿರಿ ಕೊನೆಗೊಂಡಾಗ 2 ಕೋಟಿ ಪೌಂಡುಗಳ ಪರಿಹಾರ ಗೊತ್ತಾಯಿತು. ಅದು ಸಂದದ್ದು ಒಡೆಯರಿಗೆ. ಬಿಡುಗಡೆಯಾದ ಸುಮಾರು 8 ಲಕ್ಷ ಜನರಿಗೆ ಒಂದು ಕಾಸೂ ಸಿಗಲಿಲ್ಲ. ಬದಲಿಗೆ ಅವರಲ್ಲಿ ಹೆಚ್ಚಿನವರು 1838ರ ವರೆಗೆ ‘ತರಬೇತಿ’ಯ ನೆಪದಲ್ಲಿ ಅದೇ ತೋಟಗಳಲ್ಲಿ ಬಿಟ್ಟಿ ದುಡಿಯಬೇಕಾಯಿತು. ಪರಿಹಾರಕ್ಕಾಗಿ ಸರ್ಕಾರ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಎಂದರೆ, ಬ್ರಿಟನ್ನಿಗೆ ವಲಸೆ ಹೋಗಿ ಅಲ್ಲಿ ತೆರಿಗೆ ಕಟ್ಟಿದ ಕೆರಿಬಿಯನ್ನರೂ ತಮ್ಮ ಮುತ್ತಜ್ಜಂದಿರ ಒಡೆಯರಿಗೆ ಕೊಟ್ಟ ಹಣದ ಸಾಲವನ್ನು ತೀರಿಸಿದರು.

ಹೀಗೆ ಹಣ ಪಡೆದವರಲ್ಲಿ ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಗ್ಲಾಡ್‌ಸ್ಟನ್ನರ ತಂದೆ ಜಾನ್ ಗ್ಲಾಡ್‌ಸ್ಟನ್ ಒಬ್ಬ. ಎರಡೂವರೆ ಸಾವಿರ ಗುಲಾಮರ ಬಾಬ್ತು ಅವನಿಗೆ ಲಕ್ಷಕ್ಕೂ ಮೀರಿ ಪೌಂಡು ಸಂದಾಯವಾಯಿತು. ದುಡಿಯುವವರು ಕೈಬಿಟ್ಟುಹೋದಾರೆಂಬ ಭಯದಿಂದ ಅವನು ಕಲ್ಕತ್ತೆಯ ವ್ಯಾಪಾರ ಸಂಸ್ಥೆಯೊಂದಕ್ಕೆ ಪತ್ರ ಬರೆದು ಭಾರತದ ಕೂಲಿಗಳನ್ನು ಬೇಡಿದ. 1838ರ ಮೇ ತಿಂಗಳಲ್ಲಿ ‘ವಿಟ್ಬಿ’ ಮತ್ತು ‘ಹೆಸ್ಪೆರಸ್’ ಹಡಗುಗಳು ಅವರನ್ನು ಗಯಾನಕ್ಕೆ ತಂದಿಳಿಸಿದವು. ಹಾಗೆ ಬಂದವರಲ್ಲಿ ಒಂದು ಪಾಲು ಅವನ ತೋಟಗಳಿಗೇ ಸೇರಿತು. ಆಫ್ರಿಕದವರ ಕಥೆ, ಭಾರತೀಯರ ಕಥೆ ಎಂದು ನಾವು ಬೇರ್ಪಡಿಸಿ ನೋಡುವ ಎರಡೂ ಒಬ್ಬನೇ ಮನುಷ್ಯನ ಖಾತೆಯಲ್ಲಿ ಎದುರುಬದುರು ಪುಟಗಳಾಗಿವೆ.

ಅಲ್ಲಿಂದ 1917ರ ವರೆಗೆ ಗಯಾನಕ್ಕೆ ಸುಮಾರು 2,39,000, ಟ್ರಿನಿಡಾಡಿಗೆ ಸುಮಾರು 1,44,000 ಭಾರತೀಯರು ಕರಾರು ಕೂಲಿಗಳಾಗಿ ಹೋದರು. ಬಹುಪಾಲು ಜನ ಇಂದಿನ ಉತ್ತರ ಪ್ರದೇಶ, ಬಿಹಾರಗಳವರು. ಮದ್ರಾಸಿನಲ್ಲಿ ಹಡಗು ಹತ್ತಿದವರೂ ಇದ್ದರು. ಪ್ರತಿಯೊಬ್ಬರಿಗೂ ಒಂದು ವಲಸೆ ರಹದಾರಿ. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಗ್ರಾಮ, ಎತ್ತರ, ಮೈಮೇಲಿನ ಗುರುತು ಇಷ್ಟೂ ಅದರಲ್ಲಿ. ಈ ಒಂದು ಹಾಳೆ ಉಳಿದುಬಂದಿದ್ದರೆ ಮೊಮ್ಮಗನ ಮಗ ಊರು ಸೇರಬಲ್ಲ. 2012ರಲ್ಲಿ ಟ್ರಿನಿಡಾಡಿನ ಪ್ರಧಾನಿ ಕಮಲಾ ಪ್ರಸಾದ್ ಬಿಸೇಸರ್ ಬಿಹಾರದ ಬಕ್ಸರ್ ಜಿಲ್ಲೆಯ ಭೇಲುಪುರಕ್ಕೆ, ತಮ್ಮ ಮುತ್ತಜ್ಜನ ಊರಿಗೆ, ಬಂದುಹೋದರು. ಆಫ್ರಿಕಾ ಮೂಲದವರಿಗೆ ಗುಲಾಮರ ಪಟ್ಟಿ ಇಷ್ಟನ್ನೂ ಕೊಡಲಾರದು.

ಆದರೆ ಈ ಹಾಳೆಯನ್ನೂ ವೇದವಾಕ್ಯವೆಂದು ನಂಬಬಾರದು. ದಾಖಲಾತಿ ಪುಸ್ತಕ ಬರೆದವನಾಗಿ ಇದನ್ನು ಹೇಳುತ್ತಿದ್ದೇನೆ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಜೂನ್ 1 ಎಂದು ಬರೆದು ಮುಂದಿನ ಮಗುವನ್ನು ಕರೆಯುತ್ತಿದ್ದೆವು. ನಮ್ಮ ಕೈತಪ್ಪಿನಿಂದ ‘ತಿಮ್ಮವ್ವ’ ‘ತಿಮ್ಮಮ್ಮ’ ಆದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಪಿಂಚಣಿ ಕಾಗದದ ತನಕ ಅವಳು ತಿಮ್ಮಮ್ಮನೇ. ಕಲ್ಕತ್ತೆಯ ಡಿಪೋದಲ್ಲಿ ಕುಳಿತ ಗುಮಾಸ್ತನೂ ಕಿವಿಗೆ ಕೇಳಿದಂತೆ ಬರೆದ. ಅಲ್ಲಿ ಒಬ್ಬನ ಒಂಟಿ ಹೆಸರೇ ಮಕ್ಕಳಿಗೆ ಮನೆತನದ ಹೆಸರಾಯಿತು. ಕನ್ಹಾಯಿ, ಕಾಳಿಚರಣ್ ಮುಂತಾದ ಹೆಸರುಗಳು ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ ಹೆಸರಾಗಿ ನಿಂತದ್ದರ ಹಿನ್ನೆಲೆ ಇದು. ಜಾತಿಯ ಅಂಕಣವಂತೂ ಇನ್ನೂ ಅಳ್ಳಕ. ಕೆಲಸಕ್ಕೆ ಆರಿಸಿಕೊಳ್ಳಲಿ ಎಂದು ಕೆಲವರು, ಹಳೆಯದನ್ನು ಕಳಚಿಕೊಳ್ಳೋಣ ಎಂದು ಕೆಲವರು ಬೇರೆ ಜಾತಿ ಬರೆಸಿದ್ದುಂಟು.

ಹಾಳೆ ಹೇಳದೆ ಬಿಟ್ಟದ್ದೂ ಬಹಳ. ಗಯಾನದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಪತ್ರಕರ್ತೆ ಗಯೂತ್ರಾ ಬಹಾದುರ್ ತಮ್ಮ ಮುತ್ತಜ್ಜಿ ಸುಜಾರಿಯಾಳನ್ನು ಹುಡುಕಿ 2013ರಲ್ಲಿ ‘ಕೂಲಿ ವುಮನ್’ ಎಂಬ ಪುಸ್ತಕ ಪ್ರಕಟಿಸಿದರು. ಆಕೆ 1903ರಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿದಾಗ ಗರ್ಭಿಣಿ, ಜೊತೆಗೆ ಗಂಡನಿರಲಿಲ್ಲ. ಏಕೆ ಹೊರಟಳು? ಓಡಿಬಂದಳೋ, ಯಾರಾದರೂ ನಂಬಿಸಿ ಕರೆತಂದರೋ? ಅದನ್ನು ಬರೆಯಲು ಗುಮಾಸ್ತನಿಗೆ ಅಂಕಣವೇ ಇರಲಿಲ್ಲ.

ಇಷ್ಟೆಲ್ಲ ಕೆದಕಿ ಬರುವುದೇನು, ಎರಡು ಶತಮಾನದ ಹಿಂದಿನ ನೋವು ತಾನೇ ಎಂದು ನನ್ನ ವಯಸ್ಸಿನ ಗೆಳೆಯರು ಕೇಳುತ್ತಾರೆ. ವಂಶಾವಳಿ ಎಂದೊಡನೆ ನಮಗೆ ಗೋತ್ರ, ಮನೆತನದ ಹೆಚ್ಚುಗಾರಿಕೆ ನೆನಪಾಗುವುದರಿಂದ ಹುಟ್ಟುವ ಪ್ರಶ್ನೆ ಇದು. ಅವರು ಹುಡುಕುತ್ತಿರುವುದು ಹೆಮ್ಮೆಯನ್ನಲ್ಲ, ಲೆಕ್ಕವನ್ನು. ಯಾರು, ಯಾರಿಂದ, ಎಷ್ಟಕ್ಕೆ ಎಂಬುದು ಹೆಸರು ಸಮೇತ ತಿಳಿದ ಮೇಲಷ್ಟೆ ನ್ಯಾಯದ ಮಾತು ಆರಂಭವಾದೀತು. ಪರಿಹಾರ ಪಡೆದ ಒಡೆಯರ ವಿವರಗಳನ್ನು ಲಂಡನ್ ವಿಶ್ವವಿದ್ಯಾಲಯ ಕಾಲೇಜು 2013ರಲ್ಲಿ ಅಂತರ್ಜಾಲದಲ್ಲಿ ತೆರೆದಿಟ್ಟಿತು. 2023ರ ಆಗಸ್ಟಿನಲ್ಲಿ ಜಾನ್ ಗ್ಲಾಡ್‌ಸ್ಟನ್ನನ ವಂಶಜರು ಗಯಾನಕ್ಕೆ ಹೋಗಿ ಕ್ಷಮೆ ಕೇಳಿದರು. ಕ್ಷಮೆಯಿಂದ ಎಲ್ಲ ಸರಿಹೋಯಿತೆಂದು ನಾನು ಹೇಳಲಾರೆ. ಆದರೆ ‘ಬ್ರಿಟಿಷರು’ ಎಂಬ ಮುಖವಿಲ್ಲದ ಗುಂಪಿನಿಂದ ಕ್ಷಮೆ ಕೇಳಿಸಲು ಬರುವುದಿಲ್ಲ. ಹೆಸರುಳ್ಳ ಒಂದು ಮನೆಯಿಂದ ಸಾಧ್ಯವಾಯಿತು.

ನಮ್ಮ ಪಾಲಿನದೂ ಸ್ವಲ್ಪವಿದೆ. ಪ್ರಧಾನಿ ಬಂದಾಗ ಹಾರ ಹಾಕುವುದು ಸುಲಭ. ನಾಳೆ ಟ್ರಿನಿಡಾಡಿನ ಒಬ್ಬ ಬಸ್ ಚಾಲಕ ಮಾಸಿದ ರಹದಾರಿಯ ಪ್ರತಿ ಹಿಡಿದು ಬಂದರೆ, ಜಾತಿ ಯಾವುದೆಂದು ಕೇಳದೆ ಊರು ಯಾವುದೆಂದು ಕೇಳುವ ಸೌಜನ್ಯ ನಮಗಿರಬೇಕು. ಶಿಕ್ಷಕ ಮಿತ್ರರಲ್ಲಿ ಇನ್ನೊಂದು ಬಿನ್ನಹ. ಕ್ರಿಕೆಟ್ ನೋಡುವ ಹುಡುಗನೊಬ್ಬ ವೆಸ್ಟ್ ಇಂಡೀಸಿನಲ್ಲಿ ನಮ್ಮ ಹೆಸರುಗಳೇಕೆ ಎಂದು ಕೇಳಿದರೆ ಪುಸ್ತಕದಲ್ಲಿಲ್ಲವೆಂದು ಸುಮ್ಮನಾಗಿಸಬೇಡಿ. ಭಾರತದಿಂದ ಹೊರಟ ಹಡಗಿನ ಕಥೆ ಹೇಳಿ. ಅದಕ್ಕೂ ಮುಂಚೆ ಆಫ್ರಿಕಾದಿಂದ ಹೊರಟ ಹಡಗಿನ ಕಥೆ ಹೇಳಿ. ನಾನು ಹೇಳದೆಯೇ ನಿವೃತ್ತನಾದೆ.